ಪದ ಪರಿಚಯ: ಹಿಂಬಾಕಿ

"ನೌಕರರಿಗೆ ಸಿಹಿ ಸುದ್ದಿ! ನ್ಯಾಯಾಲಯದಿಂದ ಹಿಂಬಾಕಿ ಪರಿಹಾರ ಮಂಜೂರು." ಮೊನ್ನೆ ವಾಟ್ಸಾಪಿನಲ್ಲಿ ಇದು ಇನ್ನೊಮ್ಮೆ ಬಂತು, ತೀರ್ಪಿನ ಪ್ರತಿಯ ಸಮೇತ. ಫಾರ್ವರ್ಡ್ ಮಾಡಿದವರು ಅದನ್ನು ಓದಿರಲಿಲ್ಲವೆಂದು ಕಾಣುತ್ತದೆ. ಪರಿಹಾರ ಎಂಬ ಮಾತು ಆದೇಶದ ಭಾಗದಲ್ಲಿ ಎಲ್ಲೂ ಇರಲಿಲ್ಲ. ಅರ್ಜಿದಾರರು ಮೂವತ್ತು ಚಿಲ್ಲರೆ ಮಂದಿ, ಗುಂಪಿನಲ್ಲಿ "ನಮ್ಮ ಖಾತೆಗೆ ಯಾವಾಗ?" ಎಂದು ಕೇಳಿದವರು ಅದರ ಮೂರು ಪಟ್ಟು. ಮೂವತ್ತು ವರ್ಷ ಸಂಬಳದ ಬಿಲ್ಲು ಬರೆದವರೂ ಈ ಪದವನ್ನು ಹೀಗೆ ಬಳಸತೊಡಗಿದರೆ ಸುಮ್ಮನಿರುವುದು ಕಷ್ಟ.

ಹಿಂಬಾಕಿ ಎಂದರೆ ಹಿಂದೆಯೇ ಸಲ್ಲಬೇಕಿದ್ದು ಸಲ್ಲದೆ ಉಳಿದ ಹಣ, ಇಂಗ್ಲಿಷಿನ ಅರಿಯರ್ಸ್. ಮೊದಲು ಪದದ ಒಳಗೆ ಇಳಿಯೋಣ. ಹಿಂಬಾಕಿ ಅರ್ಧ ಕನ್ನಡ, ಅರ್ಧ ಅರಬ್ಬಿ. ವ್ಯಾಕರಣದ ಮೇಷ್ಟ್ರು ಇದನ್ನು ಅರಿಸಮಾಸ ಅನ್ನಬಹುದು. ಕಚೇರಿಯಲ್ಲಿ ಇಂಥ ಸಮಾಸಗಳೇ ಹೆಚ್ಚು ಬಾಳಿಕೆ ಬರುವುದು. 'ಹಿಂ' ಹಳಗನ್ನಡದ 'ಪಿನ್'. ಪಿಂದೆ ಹಿಂದೆ ಆದ ಹಾಗೆ ಇದೂ ಪಕಾರ ಕಳೆದುಕೊಂಡು ಹಕಾರ ಪಡೆಯಿತು. 'ಬಾಕಿ' ಅರಬ್ಬಿಯಲ್ಲಿ ಉಳಿದದ್ದು, ಉಳಿಯುವಂಥದ್ದು. ದೇವರ ಹೆಸರುಗಳಲ್ಲೊಂದು ಅಲ್-ಬಾಕಿ, ಎಂದೆಂದಿಗೂ ಉಳಿಯುವವನು. ಅಬ್ದುಲ್ ಬಾಕಿ ಎಂದರೆ ಅವನ ಸೇವಕ. ಪರ್ಷಿಯನ್ ದಫ್ತರುಗಳ ಮೂಲಕ ಲೆಕ್ಕದ ಪುಸ್ತಕಕ್ಕೆ ಇಳಿದಾಗ ಆ ಶಾಶ್ವತತೆ ಹೋಗಿ ಬರೀ ಸಲ್ಲದೆ ಉಳಿದ ಹಣ ಎಂಬ ಅರ್ಥ ಉಳಿಯಿತು. ಹೋಯಿತು ಅನ್ನುವುದೂ ಪೂರ್ತಿ ಸರಿಯಲ್ಲ, ಕೆಲವು ಕಡತಗಳನ್ನು ನೋಡಿದರೆ ಮೂಲಾರ್ಥವೇ ಹೆಚ್ಚು ಹೊಂದುತ್ತದೆ.

ಕನ್ನಡಕ್ಕೆ ಬಂದ ಮೇಲೆ ಬಾಕಿ ಲೆಕ್ಕದ ಪುಸ್ತಕದಲ್ಲೇ ಕೂರಲಿಲ್ಲ. 'ಬಾಕಿ ಎಲ್ಲ ಸರಿ' ಅನ್ನುತ್ತೇವೆ, 'ಬಾಕಿಯವರು ಎಲ್ಲಿ' ಎಂದು ಕೇಳುತ್ತೇವೆ. ದಕ್ಷಿಣ ಕನ್ನಡದಲ್ಲಿ ಬಸ್ಸು ತಪ್ಪಿಸಿಕೊಂಡವರು 'ನಾನು ಅಲ್ಲೇ ಬಾಕಿ' ಎನ್ನುತ್ತಾರೆ. ಇದರ ಪಕ್ಕದಲ್ಲೇ ಶಿಲ್ಕು ಎಂಬ ಪದವಿದೆ, ಅದೂ ಉಳಿದದ್ದೇ. ಆದರೆ ಶಿಲ್ಕು ಕೈಯಲ್ಲಿರುವ ಉಳಿಕೆ, ಬಾಕಿ ಕೈಗೆ ಬರದ ಉಳಿಕೆ. ಶಿಲ್ಕನ್ನು ಎಣಿಸಬಹುದು, ಬಾಕಿಯನ್ನು ಕೇಳಬಹುದು ಅಷ್ಟೆ.

ಬೇಬಾಕಿಯೂ ಇದೇ ಮನೆಯದು. ನಿವೃತ್ತರಾಗುವವರು ಬೇಬಾಕಿ ಪ್ರಮಾಣಪತ್ರಕ್ಕೆ ಅಲೆಯುತ್ತಾರಲ್ಲ, ಅಲ್ಲಿನ 'ಬೇ' ಪರ್ಷಿಯನ್ನಿನ 'ಇಲ್ಲದ'. ಬೇಜವಾಬ್ದಾರಿ, ಬೇನಾಮಿ, ಬೇವಾರಸಿಗಳಲ್ಲಿ ಇರುವುದೂ ಅದೇ. ಬಾಕಿ ಇಲ್ಲ ಎಂಬ ಪತ್ರ ಅದು. ಒಬ್ಬ ಹೊಸ ಗುಮಾಸ್ತರು ಅದನ್ನು 'ಬೇಕಾದ ಬಾಕಿ' ಎಂದು ಬಿಡಿಸಿ, ಬರಬೇಕಾದ ಹಣದ ಪಟ್ಟಿಯನ್ನೇ ಲಗತ್ತಿಸಿದ್ದನ್ನು ನೋಡಿದ್ದೇನೆ. ನಗು ಬಂತು. ಆದರೆ ಅವರ ಊಹೆಯಲ್ಲಿ ಒಂದು ತರ್ಕವಿತ್ತು, ಯಾಕೆಂದರೆ ಬಾಕಿ ಎಂಬ ಪದ ಯಾರು ಯಾರಿಗೆ ಕೊಡಬೇಕು ಎಂಬುದನ್ನು ಹೇಳುವುದೇ ಇಲ್ಲ. ಕಂದಾಯದ ಹಿಂಬಾಕಿ ನಾವು ಸರ್ಕಾರಕ್ಕೆ ಕೊಡಬೇಕಾದದ್ದು. ತುಟ್ಟಿಭತ್ಯೆಯ ಹಿಂಬಾಕಿ ಸರ್ಕಾರ ನಮಗೆ ಕೊಡಬೇಕಾದದ್ದು. ಪದ ಎರಡೂ ಕಡೆ ಒಂದೇ.

ಇಲ್ಲಿಗೆ ನನ್ನ ಹಳೆಯ ತಕರಾರು ಬರುತ್ತದೆ: 'ಹಿಂ'. ಇದು ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. ಹಿಂಬಾಗಿಲಿನಲ್ಲಿ ಅದು ಜಾಗ. ಹಿಂಬಡ್ತಿಯಲ್ಲಿ ದಿಕ್ಕು. 2017ರಲ್ಲಿ ಬಡ್ತಿ ಮೀಸಲಾತಿಯ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂದಾಗ ಕರ್ನಾಟಕದ ಪತ್ರಿಕೆಗಳ ತುಂಬ ಹಿಂಬಡ್ತಿಯೇ ಇತ್ತು, ಅಂದರೆ ಏರಿದವರನ್ನು ಕೆಳಗಿಳಿಸುವುದು. ಹಿಂಬಾಕಿಯಲ್ಲಿ ಮಾತ್ರ 'ಹಿಂ' ಕಾಲ. ಹಿಂದೆಯೇ ಸಲ್ಲಬೇಕಿತ್ತು, ಸಲ್ಲಲಿಲ್ಲ, ಇನ್ನೂ ಉಳಿದಿದೆ. ಹಿಂದಕ್ಕೆ ಕೊಡುವುದು, ಹಿಂಪಡೆಯುವುದು ಯಾವುದೂ ಇಲ್ಲಿಲ್ಲ. ಹೆಚ್ಚುವರಿ ವೇತನ ಪಡೆದಿದ್ದೀರಿ, ವಾಪಸು ಕಟ್ಟಿ ಎಂಬ ನೋಟಿಸಿಗೂ 'ಹಿಂಬಾಕಿ ವಸೂಲಿ' ಎಂದು ತಲೆಬರಹ ಕೊಡುವ ಕಚೇರಿಗಳಿವೆ. ಅದು ಹೆಚ್ಚುವರಿ ಪಾವತಿಯ ವಸೂಲಿ. ಅದರ ಕಾನೂನೇ ಬೇರೆ: ಮೂರನೇ, ನಾಲ್ಕನೇ ದರ್ಜೆಯವರಿಂದ, ನಿವೃತ್ತರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ತಪ್ಪಾಗಿ ಕೊಟ್ಟುಕೊಂಡು ಬಂದಿದ್ದಾಗ ವಸೂಲಿ ಸಲ್ಲದು ಎಂದು ಸುಪ್ರೀಂ ಕೋರ್ಟು ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದೆ. ತಲೆಬರಹ ತಪ್ಪಿದರೆ ನಿವೃತ್ತ ಮೇಷ್ಟ್ರು ತನಗೆ ದುಡ್ಡು ಬರುತ್ತದೆ ಅಂದುಕೊಂಡು ನೋಟಿಸಿಗೆ ಉತ್ತರವನ್ನೇ ಬರೆಯದೆ ಕೂರುತ್ತಾರೆ.

ಇನ್ನು 'ಪರಿಹಾರ'. ಈ ಪದದ ಬೆನ್ನ ಮೇಲೆ ನಾವು ಹೊರಿಸಿರುವ ಭಾರ ಒಂದೆರಡಲ್ಲ. ಸಮಸ್ಯೆಗೆ ಪರಿಹಾರ, ಬೆಳೆ ನಷ್ಟಕ್ಕೆ ಪರಿಹಾರ, ವೇತನ ಆಯೋಗದ ವರದಿ ಬರುವ ತನಕ ಮಧ್ಯಂತರ ಪರಿಹಾರ (2023ರ ಏಪ್ರಿಲ್‌ನಿಂದ ರಾಜ್ಯ ನೌಕರರಿಗೆ ಸಿಕ್ಕ ಶೇ 17 ಅದೇ). ಆದರೆ ನಷ್ಟಕ್ಕೆ ಕೊಡುವ ಪರಿಹಾರವೂ ಹಿಂಬಾಕಿಯೂ ಒಂದಲ್ಲ. ಪರಿಹಾರಕ್ಕೆ ನಷ್ಟ ಆಗಿರಬೇಕು, ಅದರ ಮೊತ್ತವನ್ನು ಯಾರಾದರೂ ಅಂದಾಜು ಮಾಡಬೇಕು. ಹಿಂಬಾಕಿಗೆ ಅಂದಾಜು ಬೇಡ, ಕೂಡುವುದು ಕಳೆಯುವುದು ಬಂದರೆ ಸಾಕು. ಸಲ್ಲಬೇಕಾದ್ದು ಇಷ್ಟು, ಸೆಳೆದದ್ದು ಇಷ್ಟು, ವ್ಯತ್ಯಾಸ ಇಷ್ಟು. ಕಚೇರಿಯಲ್ಲಿ ಡ್ಯೂ-ಡ್ರಾನ್ ತಖ್ತೆ ಅನ್ನುವುದು ಇದಕ್ಕೇ. ತಿಂಗಳಿಗೊಂದು ಸಾಲು. ಅದರಲ್ಲಿ ದಯೆಗೆ ಒಂದು ಕಾಲಮೂ ಇಲ್ಲ.

ಕೆಲಸದಿಂದ ತಪ್ಪಾಗಿ ತೆಗೆದುಹಾಕಿ, ಆಮೇಲೆ ನ್ಯಾಯಾಲಯ ವಾಪಸು ಸೇರಿಸಿದಾಗ ಸಿಗುವ ಹಣವನ್ನೂ ನಮ್ಮಲ್ಲಿ ಹಿಂಬಾಕಿ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಹಿಂಬಾಕಿಯಲ್ಲಿ ಕೆಲಸ ಆಗಿದೆ, ಕೂಲಿ ಕಡಿಮೆ ಬಿದ್ದಿದೆ. ಇದರಲ್ಲಿ ಕೆಲಸ ಮಾಡಲು ಬಿಡಲೇ ಇಲ್ಲ. ವಕೀಲರು ಬ್ಯಾಕ್ ವೇಜಸ್ ಅನ್ನುವ ಇದಕ್ಕೆ 'ಹೊರಗಿದ್ದ ಅವಧಿಯ ವೇತನ' ಅಂದರೆ ಗೊಂದಲವಿಲ್ಲ. ಹಿಂಬಾಕಿಗೆ ತಖ್ತೆ ಸಾಕು. ಇದಕ್ಕೆ 'ಆ ಅವಧಿಯಲ್ಲಿ ಬೇರೆ ಕಡೆ ದುಡಿಯುತ್ತಿರಲಿಲ್ಲ' ಎಂದು ನೌಕರರು ಹೇಳಬೇಕಾಗುತ್ತದೆ. ಸುಪ್ರೀಂ ಕೋರ್ಟಿನ 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಿನ ಪ್ರಕಾರ ಅನ್ಯಾಯದ ವಜಾ ಆಗಿದ್ದರೆ ಪೂರ್ತಿ ವೇತನ ಕೊಡುವುದೇ ಸಾಮಾನ್ಯ ನಿಯಮ, ಆದರೆ ಆ ಮಾತನ್ನು ನೌಕರರು ಹೇಳಿಕೊಂಡಿರಬೇಕು.

ಈಗ 'ಕಾಲ್ಪನಿಕ'. ಈ ಪದ ಕಂಡರೂ ಕಾಣದವರ ಹಾಗೆ ಮುಂದೆ ಹೋಗುವುದೇ ಅರ್ಧ ಜಗಳಗಳ ಮೂಲ. ರಾಜ್ಯದ ಏಳನೇ ವೇತನ ಆಯೋಗದ ಪರಿಷ್ಕೃತ ಶ್ರೇಣಿ 1-7-2022ರಿಂದ ಕಾಲ್ಪನಿಕವಾಗಿ ಜಾರಿ, ಆರ್ಥಿಕ ಲಾಭ 1-8-2024ರಿಂದ. ಅಂದರೆ 2022ರ ಜುಲೈನಲ್ಲಿ ನಿಮ್ಮ ಮೂಲವೇತನ ಕಾಗದದ ಮೇಲೆ ಏರಿತು, ಆಮೇಲಿನ ವಾರ್ಷಿಕ ವೇತನ ಬಡ್ತಿಗಳೂ ಕಾಗದದ ಮೇಲೆ ಸೇರಿದವು, 2024ರ ಆಗಸ್ಟಿನಲ್ಲಿ ಆ ಅಂಕಿ ಹಣವಾಯಿತು. ನಡುವಿನ 25 ತಿಂಗಳಿಗೆ ಹಿಂಬಾಕಿ ಇಲ್ಲ. 'ತಡೆಹಿಡಿದಿದ್ದಾರೆ' ಎಂದು ಬರೆಯುವವರಿದ್ದಾರೆ. ತಡೆಹಿಡಿಯಲು ಅದು ಮೊದಲು ಸಂದಾಯವಾಗಬೇಕಾದ ಹಣವಾಗಿರಬೇಕಲ್ಲ? ಆ ಅವಧಿಯಲ್ಲೇ ನಿವೃತ್ತರಾದವರು ತಮ್ಮ ನಿವೃತ್ತಿ ಉಪದಾನ (ಗ್ರಾಚ್ಯುಟಿ) ಹೊಸ ವೇತನದ ಮೇಲೆ ಲೆಕ್ಕವಾಗಲಿ ಎಂದು ಕೇಳುತ್ತಿರುವುದು ನ್ಯಾಯವಾದ ಬೇಡಿಕೆಯೇ ಎಂದು ನನಗೂ ಅನ್ನಿಸುತ್ತದೆ. ಆದರೆ ಬೇಡಿಕೆಗೆ ಬೇಡಿಕೆ ಎಂದೇ ಹೆಸರಿಡಬೇಕು. ಆದೇಶದಲ್ಲಿ ಹಕ್ಕು ಹುಟ್ಟಿದ ದಿನದಿಂದ ಬಾಕಿ ಶುರು, ಅದಕ್ಕಿಂತ ಒಂದು ದಿನ ಮುಂಚೆಯೂ ಅಲ್ಲ.

ಕೋವಿಡ್ ಕಾಲದ ಕೇಂದ್ರದ ತುಟ್ಟಿಭತ್ಯೆಯೂ ಹಾಗೆಯೇ. 2020ರ ಜನವರಿ, ಜುಲೈ ಮತ್ತು 2021ರ ಜನವರಿಯ ಮೂರು ಕಂತು ನಿಂತವು. 2021ರ ಜುಲೈನಲ್ಲಿ ದರ ಒಮ್ಮೆಲೇ ಶೇ 17ರಿಂದ 28ಕ್ಕೆ ಹೋಯಿತು, ಆದರೆ ಆ 18 ತಿಂಗಳ ವ್ಯತ್ಯಾಸ ಕೊಡುವುದಿಲ್ಲವೆಂದು ಆದೇಶವೇ ಹೇಳಿತ್ತು. 'ಹದಿನೆಂಟು ತಿಂಗಳ ಹಿಂಬಾಕಿ ಬಿಡುಗಡೆ' ಎಂಬ ಸುದ್ದಿ ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸಲ ಹುಟ್ಟಿ ಸತ್ತಿತೋ.

ಮತ್ತೆ ಆ ತೀರ್ಪಿಗೆ ಬರೋಣ: ಮೂವತ್ತು ಜನ ಗೆದ್ದರೆ ಮುನ್ನೂರು ಜನಕ್ಕೆ ಹಿಂಬಾಕಿ ಬರುತ್ತದೆಯೇ? ಬರುತ್ತದೆ ಎಂಬ ನಂಬಿಕೆ ಅಮೆರಿಕದ ಸುದ್ದಿಗಳಿಂದ ಬಂದಿರಬೇಕು. ಅಲ್ಲಿ ಕ್ಲಾಸ್ ಆಕ್ಷನ್ ಎಂಬುದೊಂದಿದೆ, ವರ್ಗ ಮೊಕದ್ದಮೆ ಎನ್ನೋಣ. ಕೆಲವರು ಇಡೀ ವರ್ಗದ ಪರವಾಗಿ ದಾವೆ ಹೂಡುತ್ತಾರೆ; ಹೊರಗುಳಿಯುತ್ತೇನೆ ಎಂದು ಬರೆದು ಕೊಡದವರೆಲ್ಲ ಅದರೊಳಗೆ. ರಾಜಿಯಾದರೆ ನ್ಯಾಯಾಧೀಶರು ಒಪ್ಪಬೇಕು, ಎಲ್ಲರಿಗೂ ನೋಟಿಸು ಹೋಗಬೇಕು, ಎಷ್ಟೋ ಸಲ ಗಡುವಿನೊಳಗೆ ಕ್ಲೇಮು ಅರ್ಜಿ ತುಂಬಿದವರಿಗಷ್ಟೇ ಹಣ. ವೇತನದ ವಿಷಯದಲ್ಲಿ ಅಲ್ಲೂ ಇದು ಉಲ್ಟಾ: 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯಡಿ 'ನಾನೂ ಇದ್ದೇನೆ' ಎಂದು ಬರೆದುಕೊಟ್ಟವರು ಮಾತ್ರ ಒಳಗೆ. 2013ರ ಅಕ್ಟೋಬರಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರ 16 ದಿನ ಬಾಗಿಲು ಹಾಕಿದಾಗ ಸಂಬಳವಿಲ್ಲದೆ ದುಡಿದ ಸಾವಿರಾರು ನೌಕರರು ಹಾಗೇ ಸೇರಿದರು. ಅವರ ಸಂಬಳ ತಡವಾಗಿಯಾದರೂ ಆಗಲೇ ಬಂದಿತ್ತು, ಹಿಂಬಾಕಿ ತೀರಿತ್ತು. 2017ರಲ್ಲಿ ನ್ಯಾಯಾಲಯ ಕೊಡಿಸಿದ್ದು ತಡ ಮಾಡಿದ್ದಕ್ಕೆ ನಷ್ಟ ಪರಿಹಾರ, ಕನಿಷ್ಠ ಕೂಲಿಯ ಲೆಕ್ಕದಲ್ಲಿ. ಗಂಟೆಗೆ ಏಳೂಕಾಲು ಡಾಲರಿನಂತೆ 40 ಗಂಟೆಗೆ 290 ಡಾಲರ್. ಪರಿಹಾರ ಎಂಬ ಪದ ನೆಟ್ಟಗೆ ಕೂರುವುದು ಇಂಥಲ್ಲಿ. 2018-19ರ 35 ದಿನಗಳ ಸ್ಥಗಿತಕ್ಕೂ ಅದನ್ನೇ ಕೇಳಿದವರಿಗೆ 2022ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇಲ್ಲ ಎಂದಿತು.

ನಮ್ಮ ಸೇವಾ ವ್ಯಾಜ್ಯಗಳಲ್ಲಿ ಈ ಏರ್ಪಾಟು ಇಲ್ಲ. ಕಂಪನಿ ಕಾಯ್ದೆಯ 245ನೇ ಕಲಮಿನ ವರ್ಗ ಮೊಕದ್ದಮೆ ಷೇರುದಾರರಿಗೆ, ಠೇವಣಿದಾರರಿಗೆ. ಸರ್ಕಾರಿ ನೌಕರರಿಗೆ ಅದರಿಂದ ಏನೂ ಇಲ್ಲ. ಕೆಎಟಿಯಲ್ಲಿ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಮೂವತ್ತು ಜನ ಗೆದ್ದರೆ ಹೆಸರಿರುವವರು ಆ ಮೂವತ್ತು. ಉಳಿದವರಿಗೆ ಸಿಗುವುದು ವಾದ, ಹಣ ಅಲ್ಲ. ಒಳ್ಳೆಯ ವಾದವೇ ಅದು. ಒಂದೇ ಸ್ಥಿತಿಯಲ್ಲಿರುವ ನೌಕರರಲ್ಲಿ ಕೆಲವರಿಗೆ ಕೊಟ್ಟದ್ದನ್ನು ಉಳಿದವರಿಗೂ ಕೊಡಬೇಕು, ನ್ಯಾಯಾಲಯಕ್ಕೆ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿಡಬಾರದು ಎಂದು ಸುಪ್ರೀಂ ಕೋರ್ಟಿನ 2014ರ ಅರವಿಂದ್ ಕುಮಾರ್ ಶ್ರೀವಾಸ್ತವ ತೀರ್ಪು ಹೇಳುತ್ತದೆ. ಅದೇ ತೀರ್ಪು ಮುಂದಿನ ಸಾಲಿನಲ್ಲೇ ಬೇಲಿಯ ಮೇಲೆ ಕೂತವರ ಮಾತೂ ಎತ್ತುತ್ತದೆ: ಅನ್ಯಾಯವನ್ನು ಒಪ್ಪಿಕೊಂಡು ವರ್ಷಗಟ್ಟಲೆ ಸುಮ್ಮನಿದ್ದು, ಪಕ್ಕದವರು ಗೆದ್ದದ್ದು ನೋಡಿ ಎದ್ದು ಬಂದವರಿಗೆ ಆ ಲಾಭ ಇಲ್ಲ. ತೀರ್ಪು ಎಲ್ಲರನ್ನೂ ಉದ್ದೇಶಿಸಿ ಕೊಟ್ಟದ್ದಾಗಿದ್ದರೆ ಮಾತ್ರ ಬೇರೆ. ಫಾರ್ವರ್ಡ್ ಆಗುವುದು ಯಾವಾಗಲೂ ಮೊದಲರ್ಧ.

ಸುಮ್ಮನಿರುವುದಕ್ಕೆ ಇನ್ನೊಂದು ಬೆಲೆಯೂ ಇದೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ 21ನೇ ಕಲಂ ಕೊಡುವುದು ಅಂತಿಮ ಆದೇಶದಿಂದ ಒಂದು ವರ್ಷ. ಮನವಿಗೆ ಉತ್ತರ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ಮನವಿಯ ಮೇಲೆ ಮನವಿ ಬರೆದರೆ ಅವಧಿ ಹಿಗ್ಗುವುದಿಲ್ಲ. ಪಿಂಚಣಿ, ವೇತನ ನಿಗದಿಯಂಥ ತಿಂಗಳು ತಿಂಗಳೂ ಮರುಕಳಿಸುವ ತಪ್ಪುಗಳಲ್ಲಿ ತಡವಾದರೂ ಬಾಗಿಲು ಮುಚ್ಚುವುದಿಲ್ಲ, ಆದರೆ ಹಿಂಬಾಕಿ ಮೊಟಕಾಗುತ್ತದೆ. ಸೇನೆಯಿಂದ ವೈದ್ಯಕೀಯ ಕಾರಣಕ್ಕೆ 1983ರಲ್ಲಿ ಹೊರಬಂದು 1999ರಲ್ಲಿ ಹೈಕೋರ್ಟಿಗೆ ಹೋದವರ ಪ್ರಕರಣದಲ್ಲಿ (ತರ್ಸೇಮ್ ಸಿಂಗ್, 2008) ಸುಪ್ರೀಂ ಕೋರ್ಟು ಹೇಳಿದ್ದು ಅದೇ: ಹಕ್ಕು ಇದೆ, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಮೂರು ವರ್ಷ ಹಿಂದಿನವರೆಗೆ ಮಾತ್ರ. ಹದಿನಾರು ವರ್ಷದ 'ಹಿಂ' ಮೂರಕ್ಕೆ ಇಳಿಯಿತು.

ಆದ್ದರಿಂದ ಗುಂಪಿನಲ್ಲಿ 'ನಮಗೆ ಯಾವಾಗ' ಎಂದು ಕೇಳುವ ಬದಲು ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ, ನಿಮ್ಮ ಸ್ಥಿತಿಯೂ ಅದೇ ಎಂದು ತೋರಿಸುವ ಸೇವಾ ಪುಸ್ತಕದ ಪುಟಗಳನ್ನೂ ತಖ್ತೆಯನ್ನೂ ಲಗತ್ತಿಸಿ ನಿಮ್ಮ ಬಟವಾಡೆ ಅಧಿಕಾರಿಯ ಮೂಲಕ ಮನವಿ ಕೊಡಿ. ಟಪಾಲಿನಲ್ಲಿ ಕೊಟ್ಟ ದಿನದ ಮೊಹರು ಬಿಡಬೇಡಿ. ಆರು ತಿಂಗಳ ಎಣಿಕೆ ಆ ಮೊಹರಿನಿಂದ.

ಹಣ ಬಂದ ವರ್ಷ ತೆರಿಗೆಯ ಏಟು ಜೋರಾಗಿರುತ್ತದೆ, ಹಲವು ವರ್ಷದ ವೇತನ ಒಂದೇ ವರ್ಷದ ಆದಾಯವಾಗಿ ಕಾಣುವುದರಿಂದ. 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಕಲಂ ಇದಕ್ಕೇ ಇದ್ದದ್ದು: ಆಯಾ ವರ್ಷಕ್ಕೆ ಹಂಚಿ ಲೆಕ್ಕ ಹಾಕಿ, ಹೆಚ್ಚು ಬಿದ್ದ ತೆರಿಗೆ ಬಿಡುವುದು. ರಿಟರ್ನಿಗೆ ಮುಂಚೆ 10ಇ ನಮೂನೆ ಸಲ್ಲಿಸದೆ ಈ ರಿಯಾಯಿತಿ ಕಳೆದುಕೊಂಡವರು ಪ್ರತಿ ಕಚೇರಿಯಲ್ಲೂ ಇದ್ದಾರೆ. ಈ ರಿಯಾಯಿತಿಯನ್ನೂ ಕನ್ನಡದಲ್ಲಿ 'ಪರಿಹಾರ' ಎಂದೇ ಅನುವಾದಿಸಿರುವುದನ್ನು ನೋಡಿ ಕೈ ಮುಗಿದಿದ್ದೇನೆ. ಹಿಂಬಾಕಿಯ ಪಕ್ಕದಲ್ಲಿ ಪರಿಹಾರ ಸರಿಯಾಗಿ ನಿಲ್ಲಬಹುದಾದ ಜಾಗ ಇದೊಂದೇ, ಮತ್ತು ಅಲ್ಲಿ ಅದನ್ನು ಯಾರೂ ಓದುವುದಿಲ್ಲ.

ಕೊನೆಯದಾಗಿ ಕಾಗುಣಿತ. ಸುತ್ತೋಲೆಗಳಲ್ಲಿ 'ಹಿಂಭಾಕಿ' ಕಾಣಿಸತೊಡಗಿದೆ. ಹಿಂಭಾಗದ ಸಹವಾಸದಿಂದ ಬಂದಿರಬೇಕು. ಭಾಗಕ್ಕೆ ಮಹಾಪ್ರಾಣ ಉಂಟು, ಬಾಕಿಗೆ ಇಲ್ಲ.