ಕ್ಲೈಮಿನಲ್ಲಿ ಬರೆಯದ ಆಂಟೆನಾ

"ಮೇಡಂ, ಅವರು ಓದೇ ಇಲ್ಲ." ಎಫ್‌ಇಆರ್, ಅಂದರೆ ಪೇಟೆಂಟ್ ಆಫೀಸಿನ ಮೊದಲ ಪರೀಕ್ಷಾ ವರದಿಯನ್ನು ನನ್ನ ಮೇಜಿನ ಮೇಲಿಡುತ್ತಾ ಹುಡುಗ ಹೇಳಿದ ಮೊದಲ ಮಾತು ಇದು.

ಸುಂಟಿಕೊಪ್ಪ ಕಡೆಯವನು. ಬೆಂಗಳೂರಿನಲ್ಲಿ ಇಬ್ಬರು ಗೆಳೆಯರ ಜೊತೆ ಸಣ್ಣ ಸ್ಟಾರ್ಟಪ್ ನಡೆಸುತ್ತಾನೆ. ಫೋನಿನಿಂದ ಟವರಿಗೆ ಹೋಗುವ ಸಿಗ್ನಲ್, ಅಂದರೆ ಅಪ್‌ಲಿಂಕ್, ಅದರ ಮೇಲೆ ಅವರ ಕೆಲಸ. ಪೇಟೆಂಟ್ ಅರ್ಜಿಯನ್ನು ತಾವೇ ಬರೆದು ಚೆನ್ನೈ ಆಫೀಸಿಗೆ ಹಾಕಿದ್ದರು. ಈಗ ಮೊದಲ ಪರೀಕ್ಷಾ ವರದಿ ಬಂದಿದೆ. 'ಹೊಸತನವಿಲ್ಲ' ಅಂತ ಮೊದಲ ಸಾಲಿನಲ್ಲೇ ಇದೆ. ಜೊತೆಯಲ್ಲಿ ಅಪ್ಪನೂ ಬಂದಿದ್ದರು. ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷದಿಂದ ಆಳುಗಳ ಲೆಕ್ಕ ಬರೆಯುವ ರೈಟರ್. ಮಗನ ಮುಖ ನೋಡಲಾಗದೆ ಕಿಟಕಿ ಕಡೆ ತಿರುಗಿ ಕೂತಿದ್ದರು. (ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.)

ವರದಿ ಓದಿದೆ. ಎಕ್ಸಾಮಿನರ್ ಓದಿದ್ದರು, ಅದೂ ಗಮನವಿಟ್ಟು ಓದಿದ್ದರು. ಆದರೆ ಅವರು ಓದಿದ್ದು ಕ್ಲೈಮ್, ಅಂದರೆ ಯಾವುದರ ಮೇಲೆ ಹಕ್ಕು ಬೇಕು ಅಂತ ಅರ್ಜಿಯಲ್ಲಿ ಹೇಳುವ ಭಾಗ. ಹುಡುಗನ ತಲೆಯಲ್ಲಿದ್ದ ಹೊಸ ಸಂಗತಿ ಕ್ಲೈಮಿನಲ್ಲಿ ಇರಲೇ ಇಲ್ಲ. ಪೇಟೆಂಟ್ ಅರ್ಜಿಗಳ ಕೆಲಸ ನನ್ನದು. ವೈರ್‌ಲೆಸ್ ಕಡತ ಬಂದಾಗೆಲ್ಲ ನಾನು ನೋಡುವುದು ಇದೇ ತಪ್ಪನ್ನು. ಬುದ್ಧಿವಂತ ಮಕ್ಕಳು, ವರ್ಷಗಟ್ಟಲೆ ದುಡಿದವರು, ಕೊನೆಗೆ ಎಡವುವುದು ಆ ಒಂದು ಪ್ಯಾರಾದಲ್ಲಿ. ಅದಕ್ಕೇ ಇದನ್ನು ಬರೆಯಲು ಕೂತೆ.

ಅಪ್‌ಲಿಂಕ್ ಕಷ್ಟ ಏನು ಅಂತ ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ. ತೋಟದ ಮನೆಯಲ್ಲಿ ಫೋನ್ ಬಂದರೆ ಕಣದ ಮೂಲೆಗೆ ಓಡುತ್ತೇವೆ. ಆ ಕಡೆಯವರ ಮಾತು ನಮಗೆ ಸರಿಯಾಗಿ ಕೇಳುತ್ತದೆ. "ಹಲೋ, ಹಲೋ, ನಿಮ್ಮದು ಕೇಳ್ತಿಲ್ಲ" ಅಂತ ಅವರು ಹೇಳುವುದೂ ಕೇಳುತ್ತದೆ. ಇದಕ್ಕೆ ಕಾರಣ ಇದೆ. ಟವರಿನ ರೇಡಿಯೋ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕಳಿಸುತ್ತದೆ. ಸಾಮಾನ್ಯ ಫೋನಿಗೆ ಇರುವ ಮಿತಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಕೆಲವು ಫೋನುಗಳು ಕೆಲವು ಬ್ಯಾಂಡ್‌ಗಳಲ್ಲಿ 26 ಡಿಬಿಎಂವರೆಗೆ ಹೋಗುತ್ತವೆ. ಅಂದರೆ ಅದರ ಎರಡರಷ್ಟು, ಸುಮಾರು 400 ಮಿಲಿವ್ಯಾಟ್. ಬೆಟ್ಟದ ಮರೆ, ಮಳೆ, ದಟ್ಟ ಮರ ಎಲ್ಲ ದಾಟಿ ಅಷ್ಟರಲ್ಲೇ ಟವರ್ ಮುಟ್ಟಬೇಕು. ಅಪ್‌ಲಿಂಕಿನಲ್ಲಿ ಇಷ್ಟೊಂದು ಸಂಶೋಧನೆ ನಡೆಯುತ್ತಿರುವುದು ಸುಮ್ನೆ ಅಲ್ಲ.

ಈ ಫೋನಿಗೆ ಏನೇನು ಬರುತ್ತದೆ ಅಂತ ಟವರಿಗೆ ಮೊದಲೇ ಗೊತ್ತಿರುವುದಿಲ್ಲ. ಅದಕ್ಕೆ ನೆಟ್‌ವರ್ಕ್ ಕೇಳುತ್ತದೆ, ಫೋನ್ ಪಟ್ಟಿ ಕಳಿಸುತ್ತದೆ. ಯಾವ ಬ್ಯಾಂಡ್, ಎಷ್ಟು ಆಂಟೆನಾ, ಎಷ್ಟು ಪವರ್, ಯಾವುದರ ಜೊತೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ. ಇದೇ ಸಾಮರ್ಥ್ಯ ವರದಿ. 5ಜಿಯಲ್ಲಿ ಈ ಕೇಳುವ ಹೇಳುವ ಕ್ರಮ, ಮೊಬೈಲ್ ಸ್ಟ್ಯಾಂಡರ್ಡ್ ರೂಪಿಸುವ 3ಜಿಪಿಪಿ ಅನ್ನುವ ಕೂಟದ 38.331 ದಾಖಲೆಯಲ್ಲಿದೆ. ಒಂದೊಂದು ಸಾಮರ್ಥ್ಯದ ಅರ್ಥ 38.306ರಲ್ಲಿದೆ. ಎರಡೂ ಸಾರ್ವಜನಿಕ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಎಕ್ಸಾಮಿನರ್ ಕೂಡ.

ಹುಡುಗನ ಮೊದಲ ಕ್ಲೈಮ್ ಹೆಚ್ಚುಕಡಿಮೆ ಹೀಗಿತ್ತು: 'ಅಪ್‌ಲಿಂಕ್ ಸೌಂಡಿಂಗ್ ಸಿಗ್ನಲ್‌ಗೆ ಸಂಬಂಧಿಸಿದ ಸಾಮರ್ಥ್ಯ ಮಾಹಿತಿಯನ್ನು ಬೇಸ್ ಸ್ಟೇಷನ್‌ಗೆ ಕಳಿಸುವ ಮೊಬೈಲ್ ಸಾಧನ; ಆ ಮಾಹಿತಿಯು ಆಂಟೆನಾ ಬದಲಾವಣೆಗೆ ಸಂಬಂಧಿಸಿದ್ದು.' (ಬೇಸ್ ಸ್ಟೇಷನ್ ಅಂದರೆ ಟವರ್. ಸೌಂಡಿಂಗ್ ಸಿಗ್ನಲ್ ಅಂದರೆ ಮಧ್ಯದ ದಾರಿ ಹೇಗಿದೆ ಅಂತ ಟವರ್ ಅಳೆಯಲಿ ಎಂದು ಫೋನ್ ಕಳಿಸುವ ಸಿಗ್ನಲ್.)

ಇದನ್ನು ಓದಿ ನಾನು ಅವನ ಅಪ್ಪನ ಕಡೆ ತಿರುಗಿದೆ. "ರೈಟ್ರೇ, ಬೆಳಿಗ್ಗೆ ಚೆಕ್‌ರೋಲ್ ಹೊತ್ತಿಗೆ ಹೊಸ ಆಳು ಬಂದರೆ ಏನು ಕೇಳ್ತೀರಿ?"

"ಏನು ಕೆಲಸ ಬರುತ್ತೆ ಅಂತ ಕೇಳ್ತೀವಿ. ಮೆಣಸಿಗೆ ಏಣಿ ಹತ್ತಕ್ಕೆ ಬರುತ್ತಾ, ಬರೀ ಕಾಫಿ ಕೊಯ್ತಾರಾ ಅಂತ."

"ಒಬ್ಬ ಬಂದು, ತನ್ನ ಕೆಲಸ ಏನು ಅಂತ ರೈಟರಿಗೆ ಹೇಳುವ ಪದ್ಧತಿ ನಾನು ಕಂಡುಹಿಡಿದೆ ಅಂದರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮಗನ ಕಡೆ ನೋಡಿ, "ಅದು ಮೊದಲಿಂದಲೂ ಇದ್ದದ್ದೇ ಅಲ್ವಾ ಮಗಾ" ಅಂದರು.

ಎಕ್ಸಾಮಿನರ್ ಬರೆದದ್ದೂ ಅದನ್ನೇ. ಅವರು ಕ್ಲೈಮನ್ನು ತುಂಡು ತುಂಡಾಗಿ ಬಿಡಿಸಿದ್ದರು. ಮೊಬೈಲ್ ಸಾಧನ: ಇದೆ. ಸಾಮರ್ಥ್ಯ ಮಾಹಿತಿ ಕಳಿಸುವುದು: ಇದೆ. ಅದು ಸೌಂಡಿಂಗ್ ಸಿಗ್ನಲ್ ಬಗ್ಗೆ: ಇದೆ. ಆಂಟೆನಾ ಬದಲಾವಣೆ ಬಗ್ಗೆ: ಅದೂ ಇದೆ. 3ಜಿಪಿಪಿ ಸ್ಟ್ಯಾಂಡರ್ಡಿನ 2018ರಲ್ಲಿ ಬಂದ ಆವೃತ್ತಿ ರಿಲೀಸ್ 15ರಲ್ಲೇ, ಸೌಂಡಿಂಗ್‌ಗಾಗಿ ಫೋನ್ ಎಷ್ಟು ಆಂಟೆನಾಗಳ ನಡುವೆ ಬದಲಾಯಿಸಬಲ್ಲದು, ಹಾಗೆ ಬದಲಾಯಿಸಿದರೆ ಬೇರೆ ಯಾವ ಬ್ಯಾಂಡಿಗೆ ತೊಂದರೆ ಅಂತ ತಿಳಿಸುವ ಜಾಗಗಳಿವೆ. ನಾಲ್ಕು ತುಂಡೂ ಒಂದೇ ದಾಖಲೆಯಲ್ಲಿ ಸಿಕ್ಕವು. ಹೊಸತನ ಹೋಯಿತು.

"ಆದರೆ ನಮ್ಮದು ಹಾಗಲ್ಲ ಮೇಡಂ" ಅಂತ ಹುಡುಗ ಪೆನ್ಸಿಲ್ ತಗೊಂಡು ಚಿತ್ರ ಬರೆಯಲು ಶುರು ಮಾಡಿದ. ಇಲ್ಲಿಂದ ನನಗೂ ಖುಷಿ.

ಅವನು ತೋರಿಸಿದ್ದು ಇದು. ಫೋನಿಗೆ ನಾಲ್ಕು ಆಂಟೆನಾ. ಕೇಳಲು ನಾಲ್ಕೂ ಇವೆ. ಕಳಿಸಲು ಒಂದು ಸಲಕ್ಕೆ ಒಂದೇ. ಟವರಿಗೆ ನಾಲ್ಕೂ ದಾರಿಯ ಪರಿಚಯ ಆಗಲಿ ಅಂತ ಫೋನ್ ಒಂದೊಂದೇ ಆಂಟೆನಾದಿಂದ ಸರದಿಯಲ್ಲಿ ಸೌಂಡಿಂಗ್ ಸಿಗ್ನಲ್ ಕಳಿಸುತ್ತದೆ. ಒಂದು ಆಂಟೆನಾದಿಂದ ಇನ್ನೊಂದಕ್ಕೆ ಹೋಗಲು ಸ್ವಿಚ್ಚಿಗೆ ಸಮಯ ಬೇಕು. ಅದಕ್ಕೆ ಸ್ಟ್ಯಾಂಡರ್ಡ್ ಮಧ್ಯದಲ್ಲಿ ಖಾಲಿ ಜಾಗ ಬಿಡುತ್ತದೆ. ಸಿಗ್ನಲ್ ಎಳೆಗಳ ನಡುವೆ 30 ಕಿಲೋಹರ್ಟ್ಸ್ ಅಂತರವಿದ್ದರೆ ಒಂದು ಸಿಂಬಲ್, ಅಂದರೆ ಸುಮಾರು 36 ಮೈಕ್ರೋಸೆಕೆಂಡಿನ ಒಂದು ಕಾಲತುಂಡು. ಸ್ವಿಚ್ ಚುರುಕಾಗಿರಲಿ ನಿಧಾನವಾಗಿರಲಿ, ಎಲ್ಲ ಜೋಡಿಗೂ ಅಷ್ಟೇ. ಹುಡುಗರು ಮಾಡಿದ ಸಾಧನದಲ್ಲಿ ಕೆಲವು ಜೋಡಿಗಳಿಗೆ ಆ ಬಿಡುವು ಬೇಡವೇ ಬೇಡ. ಯಾವ ಜೋಡಿಗೆ ಬೇಕು, ಯಾವುದಕ್ಕೆ ಬೇಡ ಅಂತ ಫೋನ್ ಜೋಡಿ ಜೋಡಿಯಾಗಿ ಹೇಳುತ್ತದೆ. ಟವರ್ ಅದರಂತೆ ಸರದಿ ಹಾಕುತ್ತದೆ. ಬಿಡುವು ಬೇಡದ ಜೋಡಿಯಿಂದ ಫೋನ್ ಅಕ್ಕಪಕ್ಕದ ಸಿಂಬಲ್‌ಗಳಲ್ಲೇ ಎರಡು ಸೌಂಡಿಂಗ್ ಕಳಿಸಿಬಿಡುತ್ತದೆ.

"ಇದು ಕ್ಲೈಮಿನಲ್ಲಿ ಎಲ್ಲಿದೆ?" ಅಂತ ಕೇಳಿದೆ.

ಅವನು ಕ್ಲೈಮ್ ಹಾಳೆ ಎತ್ತಿಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದ. ಇನ್ನೊಂದು ಸಲ ಆಡಿಸಿದ. 'ಆಂಟೆನಾ ಬದಲಾವಣೆಗೆ ಸಂಬಂಧಿಸಿದ್ದು' ಅನ್ನುವ ಕಡೆ ಬೆರಳು ನಿಂತಿತು. "ಇಲ್ಲೇ ಮೇಡಂ, ಇದರೊಳಗೆ ಎಲ್ಲ ಬಂತಲ್ಲ."

ಬರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಹೊಸತನದ ಪರೀಕ್ಷೆ ನಡೆಯುವುದು ಕ್ಲೈಮಿನ ಮೇಲೆ. ವಿವರಣೆಯಲ್ಲಿ ಮೂವತ್ತು ಪುಟ ಬರೆದಿರಿ, ಡೆಮೋ ವಿಡಿಯೋ ಮಾಡಿರಿ, ಸ್ಪೀಡ್ ಎಷ್ಟು ಜಾಸ್ತಿ ಆಯಿತು ಅಂತ ಗ್ರಾಫ್ ತೋರಿಸಿರಿ. ಹೊಸ ಅಂಶ ಕ್ಲೈಮಿನ ಪದಗಳಲ್ಲಿ ಇಲ್ಲ ಅಂದರೆ ಎಕ್ಸಾಮಿನರ್ ಪಾಲಿಗೆ ಅದು ಇಲ್ಲ. ವಿವರಣೆ ಓದಿ ಅರ್ಥ ಮಾಡಿಕೊಳ್ಳುತ್ತಾರೆ, ನಿಜ. ಆದರೆ ಅಲ್ಲಿರುವುದನ್ನು ತಾವೇ ಎತ್ತಿ ನಿಮ್ಮ ಕ್ಲೈಮಿಗೆ ತುಂಬುವುದಿಲ್ಲ. ತುಂಬಲೂ ಬಾರದು. 'ಸಂಬಂಧಿಸಿದ್ದು' ಅನ್ನುವಷ್ಟು ಅಗಲ ಮಾತು ಹೇಳಿದರೆ, ಆ ಅಗಲದೊಳಗೆ ಬರುವ ಹಳೆಯದೆಲ್ಲ ನಿಮಗೆ ಎದುರು ನಿಲ್ಲುತ್ತದೆ.

ಸಾಮರ್ಥ್ಯ ವರದಿಯ ಕಡತಗಳಲ್ಲಿ ಇನ್ನೊಂದು ಮಾತು ಸೇರಿಸುತ್ತೇನೆ. ಕಾಯ್ದೆಯಲ್ಲಿ ಇದು ಹೀಗೇ ಬರೆದಿಲ್ಲ, ನನ್ನ ಅನುಭವದಿಂದ ಹೇಳುತ್ತಿರುವುದು. ಫೋನ್ ಹೇಳಿತು ಅನ್ನುವಲ್ಲಿಗೆ ಕ್ಲೈಮ್ ನಿಂತರೆ ಕಷ್ಟ. ಹೇಳಿದ್ದರಿಂದ ಮುಂದೆ ಗಾಳಿಯಲ್ಲಿ ಹೋಗುವ ಸಿಗ್ನಲ್ ಹೇಗೆ ಬದಲಾಯಿತು ಅನ್ನುವುದೂ ಅದೇ ಕ್ಲೈಮಿನಲ್ಲಿ ಬರಬೇಕು. ಇಲ್ಲದಿದ್ದರೆ ಹೊಸತನದ ಆಕ್ಷೇಪದ ಜೊತೆಗೆ, ಯಾವುದಕ್ಕೆ ಪೇಟೆಂಟ್ ಇಲ್ಲ ಅಂತ ಪಟ್ಟಿ ಮಾಡುವ ಸೆಕ್ಷನ್ 3ರ ಆಕ್ಷೇಪವೂ ಬರಬಹುದು. ಇದು ಬರೀ ಅಲ್ಗಾರಿದಮ್ ಅಂತ 3(ಕೆ), ಇಲ್ಲವೇ ಬರೀ ಮಾಹಿತಿ ಒಪ್ಪಿಸುವುದು ಅಂತ 3(ಎನ್). ಫರೀದ್ ಅಲ್ಲಾನಿ ಪ್ರಕರಣದಲ್ಲಿ 2019ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದ ಮೇಲೆ, ತಾಂತ್ರಿಕ ಪರಿಣಾಮ ತೋರಿಸಿದರೆ ವಾದಕ್ಕೆ ಬಲ ಇದೆ. ಆದರೆ ಪರಿಣಾಮ ತೋರಿಸಲು ಕ್ಲೈಮಿನಲ್ಲಿ ಸಿಗ್ನಲ್ ಇರಬೇಕಲ್ಲ.

ರೈಟರ್ ಅಷ್ಟರಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡಿದ್ದರು. ನಾನು ಅವರಿಗೆ ಇನ್ನೊಂದು ಉದಾಹರಣೆ ಕೊಟ್ಟೆ. ಒಬ್ಬನ ಹತ್ತಿರ ಒಂದೇ ಏಣಿ. ಈ ಸಿಲ್ವರ್ ಮರದ ಮೆಣಸು ಮುಗಿಸಿ ಇಳಿದು, ಏಣಿ ಹೊತ್ತು, ಆಚೆ ಮರಕ್ಕೆ ಒರಗಿಸಬೇಕು. ಅವನು ಬೆಳಿಗ್ಗೆಯೇ 'ನನಗೆ ಮರದಿಂದ ಮರಕ್ಕೆ ಇಷ್ಟು ಹೊತ್ತು ಬೇಕು' ಅಂತ ಹೇಳಿದರೆ ರೈಟರಿಗೆ ಅನುಕೂಲ. ಆ ಹೊತ್ತಿನಲ್ಲಿ ಅವನಿಂದ ಕೊಯ್ಲು ನಿರೀಕ್ಷಿಸುವುದಿಲ್ಲ. 2020ರಲ್ಲಿ ಮುಗಿದ ರಿಲೀಸ್ 16ರಲ್ಲಿ ಹೀಗೇ ಒಂದು ಏರ್ಪಾಡು ಬಂತು. ಎರಡು ಕ್ಯಾರಿಯರ್ (ಸಿಗ್ನಲ್ ಹೊರುವ ಅಲೆ) ನಡುವೆ ಟ್ರಾನ್ಸ್‌ಮಿಟರ್ ಬದಲಾಯಿಸಲು ತನಗೆ 35, 140 ಅಥವಾ 210 ಮೈಕ್ರೋಸೆಕೆಂಡ್ ಬೇಕು ಅಂತ ಫೋನ್ ತಿಳಿಸುತ್ತದೆ. ಆ ಬಿಡುವಿನಲ್ಲಿ ಅದು ಕಳಿಸಲಿ ಅಂತ ಟವರ್ ಕಾಯುವುದಿಲ್ಲ. ಹೇಳಿದ ಅಂಕಿಗೂ ಮುಂದೆ ನಡೆಯುವ ಕೆಲಸಕ್ಕೂ ಇರುವ ಈ ಗಂಟು ನೋಡಿ. ಆ ಗಂಟನ್ನು ಕ್ಲೈಮಿನಲ್ಲಿ ಬಿಗಿಯಾಗಿ ಹಾಕಬೇಕು.

ಹುಡುಗನ ಕಡತಕ್ಕೆ ಮರಳುತ್ತೇನೆ. ಈಗ ತಿದ್ದಬಹುದಾ ಅನ್ನುವುದು ಅವನ ಪ್ರಶ್ನೆ. ತಿದ್ದಬಹುದು, ಮನಸ್ಸಿಗೆ ಬಂದ ಹಾಗಲ್ಲ. ಸೆಕ್ಷನ್ 59ರ ಪ್ರಕಾರ ಮೊದಲು ಸಲ್ಲಿಸಿದ ವಿವರಣೆಯಲ್ಲಿ ಇಲ್ಲದ್ದನ್ನು ಹೊಸದಾಗಿ ಸೇರಿಸುವಂತಿಲ್ಲ. ತಿದ್ದಿದ ಕ್ಲೈಮ್ ಹಳೆಯ ಕ್ಲೈಮಿನ ವ್ಯಾಪ್ತಿಯೊಳಗೇ ಇರಬೇಕು. ಕಿರಿದು ಮಾಡಬಹುದು, ಹಿಗ್ಗಿಸುವ ಹಾಗಿಲ್ಲ. ಅದಕ್ಕೆ ಸಲ್ಲಿಸಿದ ಪ್ರತಿ ತೆಗೆದು ಒಂದೊಂದೇ ಪುಟ ನೋಡಿದೆವು. ಹನ್ನೊಂದನೇ ಪುಟ, ನಾಲ್ಕನೇ ಚಿತ್ರ. ನಾಲ್ಕು ಆಂಟೆನಾ, ಪಕ್ಕದಲ್ಲಿ ಜೋಡಿಗಳ ಪುಟ್ಟ ಕೋಷ್ಟಕ, ಕೆಳಗೆ ಐದು ಸಾಲು. ಬಿಡುವು ಬೇಡದ ಜೋಡಿ ಅಕ್ಕಪಕ್ಕದ ಸಿಂಬಲ್‌ನಲ್ಲಿ ಕಳಿಸುತ್ತದೆ ಅಂತ ಸ್ಪಷ್ಟವಾಗಿ ಇತ್ತು. ಅವನ ಗೆಳತಿಯೊಬ್ಬಳು ಸಲ್ಲಿಸುವ ಹಿಂದಿನ ರಾತ್ರಿ ಸೇರಿಸಿದ್ದಂತೆ. ಆ ಐದು ಸಾಲಿನ ಮೇಲೆ ಹೊಸ ಕ್ಲೈಮ್ ಕಟ್ಟಿದೆವು.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಕೆಲವು ವರ್ಷದ ಹಿಂದೆ ನಾಪೋಕ್ಲು ಕಡೆಯಿಂದ ಒಬ್ಬರು ಬಂದಿದ್ದರು. ಅವರ ಹೊಸ ಅಂಶ ಲ್ಯಾಪ್‌ಟಾಪಿನ ಸ್ಲೈಡಿನಲ್ಲಿತ್ತು, ತಲೆಯಲ್ಲಿತ್ತು, ಓಡುತ್ತಿದ್ದ ಬೋರ್ಡಿನಲ್ಲೂ ಇತ್ತು. ಸಲ್ಲಿಸಿದ ಅರ್ಜಿಯಲ್ಲಿ ಒಂದು ಸಾಲೂ ಇರಲಿಲ್ಲ. ವಿಚಾರಣೆ ಜುಲೈನಲ್ಲಿ, ವಿಡಿಯೋ ಮೂಲಕ. ಮಡಿಕೇರಿಯಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಹೊರಗೆ ಒಂದೇ ಸಮನೆ ಮಳೆ. ಫೋನಿನ ನೆಟ್ ಹಿಡಿದು ಕೂತೆ. ವಿಚಾರಣೆ ನಡೆಸುವ ಪೇಟೆಂಟ್ ಅಧಿಕಾರಿ ಕಂಟ್ರೋಲರ್ ಮಾತು ನನಗೆ ಸ್ಪಷ್ಟ. ನನ್ನದು ಅವರಿಗೆ ಮುರಿದು ಮುರಿದು ಹೋಗುತ್ತಿತ್ತು. ಅವರು ತಾಳ್ಮೆಯಿಂದ ಮೂರು ಸಲ ಕೇಳಿದರು: ಈ ಅಂಶಕ್ಕೆ ಮೂಲ ವಿವರಣೆಯಲ್ಲಿ ಆಧಾರ ಎಲ್ಲಿದೆ? ಸಿಗ್ನಲ್ ಚೆನ್ನಾಗಿದ್ದಿದ್ದರೂ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ವಿಚಾರಣೆಯಾದ 15 ದಿನದೊಳಗೆ ಲಿಖಿತ ವಾದ ಕೊಡಬಹುದು, ಕೊಟ್ಟೆ. ಅರ್ಜಿ ತಿರಸ್ಕಾರವಾಯಿತು. ಆ ಆದೇಶದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಆ ಹೊತ್ತಿಗೆ ಮೂಲ ಅರ್ಜಿಯೂ ಪ್ರಕಟವಾಗಿತ್ತು, ಅವರೇ ಒಂದು ಸಭೆಯಲ್ಲಿ ವಿಷಯ ಮಂಡಿಸಿಯೂ ಆಗಿತ್ತು. ಹೊಸ ಅರ್ಜಿಯ ದಾರಿಯೂ ಹೆಚ್ಚುಕಡಿಮೆ ಮುಚ್ಚಿತ್ತು. ಈಗಲೂ ಸಂತೆಯಲ್ಲಿ ಸಿಕ್ಕರೆ ಅವರು ನಗುತ್ತಾ ಮಾತಾಡಿಸುತ್ತಾರೆ. ನನಗೆ ಸಂಕಟವಾಗುತ್ತದೆ.

ಮಂಡಿಸಿದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 3ಜಿಪಿಪಿ ಸಭೆಗೆ ಕೊಡುವ ಪ್ರಸ್ತಾವಗಳು ಅವರ ಸರ್ವರಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಇರುತ್ತವೆ. ಅವು ಅಲ್ಲಿ ಸೇರಿದ ದಿನ ಮುಖ್ಯ. ನಿಮ್ಮದೇ ಪ್ರಸ್ತಾವ ನಿಮ್ಮದೇ ಅರ್ಜಿಗೆ ಎದುರು ದಾಖಲೆಯಾಗಬಹುದು. ನಮ್ಮ ಕಾಯ್ದೆಯಲ್ಲಿ ವಿನಾಯಿತಿಗಳಿವೆ, ತುಂಬ ಕಿರಿದು. ಅವನ್ನು ನಂಬಿ ಕೂರಬೇಡಿ. ಅರ್ಜಿ ಮೊದಲು, ಸಭೆ ಆಮೇಲೆ.

ಕ್ಲೈಮ್ ತಿದ್ದುವಾಗ ಹುಡುಗ ಇನ್ನೊಂದು ತಪ್ಪು ಮಾಡಹೊರಟ. 'ಫೋನ್ ವರದಿ ಕಳಿಸುತ್ತದೆ, ಬೇಸ್ ಸ್ಟೇಷನ್ ಸರದಿ ನಿರ್ಧರಿಸುತ್ತದೆ, ಫೋನ್ ಸಿಗ್ನಲ್ ಕಳಿಸುತ್ತದೆ' ಅಂತ ಒಂದೇ ಕ್ಲೈಮಿನಲ್ಲಿ ಇಬ್ಬರನ್ನೂ ಸೇರಿಸಿದ. ಫೋನ್ ತಯಾರಿಸುವವರು ಒಬ್ಬರು, ಟವರ್ ನಡೆಸುವವರು ಇನ್ನೊಬ್ಬರು. ನಾಳೆ ಯಾರಾದರೂ ನಕಲು ಮಾಡಿದರೆ, ಇಡೀ ಕ್ಲೈಮನ್ನು ಒಬ್ಬರೇ ಮಾಡಿದರು ಅಂತ ತೋರಿಸುವುದು ಕಷ್ಟವಾಗಬಹುದು. ರೈಟರಿಗೆ ಇದು ತಕ್ಷಣ ಹೊಳೆಯಿತು. "ಆಳು ಮಾಡೋದನ್ನ ಆಳಿನ ಲೆಕ್ಕದಲ್ಲಿ ಬರೀಬೇಕು, ರೈಟರ್ ಮಾಡೋದು ಬೇರೆ ಪುಸ್ತಕ." ಹಾಗೇ ಬರೆದೆವು. ಫೋನ್ ಜೋಡಿವಾರು ಮಾಹಿತಿ ಕಳಿಸುತ್ತದೆ. ಸರದಿಯ ಆದೇಶ ಪಡೆಯುತ್ತದೆ. ಬಿಡುವು ಬೇಡ ಎಂದು ತಿಳಿಸಿದ ಜೋಡಿಯ ಎರಡು ಆಂಟೆನಾಗಳಿಂದ ಅಕ್ಕಪಕ್ಕದ ಸಿಂಬಲ್‌ಗಳಲ್ಲಿ ಸೌಂಡಿಂಗ್ ಸಿಗ್ನಲ್ ಕಳಿಸುತ್ತದೆ. ಮೂರೂ ಫೋನಿನ ಕೆಲಸ.

ಇದು ಮಂಜೂರಾಗುತ್ತದಾ? ಹೇಳಲಾರೆ. ಹೊಸತನ ದಾಟಿದರೂ ಇನ್ವೆಂಟಿವ್ ಸ್ಟೆಪ್ ಬಾಕಿ ಇದೆ, ಅಂದರೆ ಈ ವಿಷಯ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಲ್ಲ ಅಂತ ತೋರಿಸಬೇಕು. ಏಣಿ ಸಾಗಿಸುವ ಹೊತ್ತನ್ನು ಹೇಳುವ ಪದ್ಧತಿ ಕ್ಯಾರಿಯರ್‌ಗಳಿಗೆ ಇತ್ತು, ಅದನ್ನೇ ಆಂಟೆನಾಗೆ ತಂದರಷ್ಟೇ ಅಂತ ಎಕ್ಸಾಮಿನರ್ ಎರಡು ದಾಖಲೆ ಜೋಡಿಸಬಹುದು. ಅದಕ್ಕೆ ಉತ್ತರ ನಮ್ಮಲ್ಲಿದೆ ಅಂತ ನನ್ನ ನಂಬಿಕೆ. ಅಲ್ಲಿ ಇಡೀ ಫೋನಿಗೆ ಬ್ಯಾಂಡ್ ಜೋಡಿಯ ಲೆಕ್ಕ, ಇಲ್ಲಿ ಒಂದೇ ಬ್ಯಾಂಡಿನೊಳಗೆ ಆಂಟೆನಾ ಜೋಡಿಯ ಲೆಕ್ಕ. ಉಳಿಯುವ ಸಿಂಬಲ್‌ನ ಲಾಭ ವಿವರಣೆಯಲ್ಲೇ ಇದೆ. ಆದರೂ ಭರವಸೆ ಕೊಡುವುದು ನನ್ನ ಕೆಲಸವಲ್ಲ.

ಎಫ್‌ಇಆರ್ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು ಇದೆ. ಕೇಳಿದರೆ ಇನ್ನೂ ಮೂರು ತಿಂಗಳು ಪಡೆಯಬಹುದು. ದಯವಿಟ್ಟು ಮೊದಲ ತಿಂಗಳೇ ಬನ್ನಿ. ಕೊಯ್ಲು ಮುಗಿಯಲಿ, ಹುತ್ತರಿ ಮುಗಿಯಲಿ ಅಂತ ಕಾಯಬೇಡಿ. ಬರುವಾಗ ಡೆಮೋ ವಿಡಿಯೋ ಬೇಡ. ಆಫೀಸಿಗೆ ಸಲ್ಲಿಸಿದ ದಿನದ ಪಿಡಿಎಫ್ ತನ್ನಿ, ತಿದ್ದಿದ್ದಲ್ಲ, ಅದೇ ಪ್ರತಿ. ನಿಮ್ಮ ಹೊಸ ಅಂಶ ಅದರಲ್ಲಿ ಯಾವ ಪುಟದಲ್ಲಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ತನ್ನಿ. ಪುಟ ಸಿಗದಿದ್ದರೂ ಬನ್ನಿ, ಇಬ್ಬರೂ ಕೂತು ಇನ್ನೊಮ್ಮೆ ಹುಡುಕೋಣ.