ಆಟದ ಸೈಟಿಗೆ ಸ್ವಂತ ಸರ್ವರ್ ಬೇಕಾ?

ಉಡುಪಿ ಕಡೆಯ ಓದುಗರೊಬ್ಬರ ಪ್ರಶ್ನೆ: "ನಮ್ಮದು ಯಕ್ಷಗಾನದ ವೆಬ್‌ಸೈಟ್. ಇವತ್ತು ಯಾವ ಮೇಳದ ಆಟ ಎಲ್ಲಿ, ಪ್ರಸಂಗ ಯಾವುದು ಅಂತ ದಿನಾ ಹಾಕುತ್ತೇವೆ. ಬೆಳಿಗ್ಗೆಯೆಲ್ಲ ಸೈಟ್ ಸರಿ ಇರುತ್ತದೆ. ಸಂಜೆ ಐದರ ಮೇಲೆ 508 ಅಂತ ಬಂದು ನಿಂತುಬಿಡುತ್ತದೆ. ಶೇರ್ಡ್ ಹೋಸ್ಟಿಂಗ್ ಬಿಟ್ಟು ಡೆಡಿಕೇಟೆಡ್ ಸರ್ವರ್ (ಇಡೀ ಯಂತ್ರ ನಮಗೇ) ತೆಗೆದುಕೊಳ್ಳುವ ಹೊತ್ತು ಬಂತಾ? ತೆಗೆದುಕೊಂಡರೆ ಎಷ್ಟು ದಿನ ಸೈಟ್ ಬಂದ್ ಇಡಬೇಕು?"

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಒಂದು ದಿನವೂ ಬೇಡ, ಕೆಲಸದ ಕ್ರಮ ತಪ್ಪದಿದ್ದರೆ. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ಕೂತು ಲೆಕ್ಕ ಹಾಕಬೇಕು.

ಶೇರ್ಡ್ ಹೋಸ್ಟಿಂಗ್ ಅಂದರೆ ವಠಾರದ ಮನೆ. ಒಂದೇ ಯಂತ್ರದಲ್ಲಿ ನೂರಾರು ಸೈಟು. ಒಬ್ಬರೇ ಟ್ಯಾಂಕಿಯ ನೀರೆಲ್ಲ ಖಾಲಿ ಮಾಡಬಾರದು ಅಂತ ಪ್ರತಿ ಮನೆಯ ನಲ್ಲಿಗೂ ಮಿತಿ ಇಟ್ಟಿರುತ್ತಾರೆ. ಇದಕ್ಕೆ ಹೆಚ್ಚಿನ ಕಂಪನಿಗಳು ಕ್ಲೌಡ್‌ಲಿನಕ್ಸ್ ಎಂಬ ವ್ಯವಸ್ಥೆ ಬಳಸುತ್ತವೆ. ನೀವು ನೋಡಿದ 508 ಅದರದ್ದೇ ಮಾತು: ನಿಮ್ಮ ಪಾಲು ಮುಗಿಯಿತು, ಸ್ವಲ್ಪ ತಡೆಯಿರಿ. ಸರ್ವರ್ ಹಾಳಾಗಿದೆ ಅಂತ ಇದರ ಅರ್ಥ ಅಲ್ಲ.

ಯಾವ ಪಾಲು ಮುಗಿಯಿತು ಅನ್ನುವುದು ನಿಮ್ಮ ಸಿಪ್ಯಾನೆಲ್‌ನಲ್ಲೇ, ಅಂದರೆ ಹೋಸ್ಟಿಂಗ್ ನೋಡಿಕೊಳ್ಳುವ ಪುಟದಲ್ಲೇ, ಕಾಣುತ್ತದೆ. 'ರಿಸೋರ್ಸ್ ಯೂಸೇಜ್' ತೆರೆದು ನೋಡಿ. ಸಿಪಿಯು, ಮೆಮೊರಿ ಜೊತೆಗೆ 'ಎಂಟ್ರಿ ಪ್ರೊಸೆಸ್' ಎಂಬ ಸಾಲೂ ಇರುತ್ತದೆ. ಒಂದೇ ಕ್ಷಣದಲ್ಲಿ ಎಷ್ಟು ಪುಟ ತಯಾರಾಗುತ್ತಿರಬಹುದು ಅನ್ನುವ ಮಿತಿ ಅದು. ಎಷ್ಟೋ ಪ್ಲಾನ್‌ಗಳಲ್ಲಿ ಅದು 20. ಒಂದು ಪುಟ ತಯಾರಾಗಲು ಎರಡು ಸೆಕೆಂಡ್ ಬೇಕಾದರೆ ಸೆಕೆಂಡಿಗೆ 10 ಪುಟ, ಅಷ್ಟೇ. ಅದೇ ಪುಟ 0.2 ಸೆಕೆಂಡಿನಲ್ಲಿ ತಯಾರಾದರೆ, ಅದೇ ಪ್ಲಾನ್‌ನಲ್ಲಿ, ಒಂದು ಪೈಸೆ ಜಾಸ್ತಿ ಕೊಡದೆ, ಸೆಕೆಂಡಿಗೆ 100.

ಹಾಗಾಗಿ ಕೇಳಬೇಕಾದ್ದು, ಪುಟ ಯಾಕೆ ನಿಧಾನ ಅಂತ. ನಿಮ್ಮದು ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಸಾಫ್ಟ್‌ವೇರ್) ಇರಬಹುದು ಅಂದುಕೊಳ್ಳುತ್ತೇನೆ. ಪ್ರತಿ ಆಟ ಒಂದು ಪೋಸ್ಟ್. ಮೇಳ, ಊರು, ಪ್ರಸಂಗ, ತಾರೀಕು, ಹೊತ್ತು, ಸೇವಾಕರ್ತರು ಎಲ್ಲ ಬೇರೆ ಬೇರೆ ಫೀಲ್ಡ್. 30 ಮೇಳ, ವರ್ಷಕ್ಕೆ 180 ರಾತ್ರಿ ಅಂತ ಇಟ್ಟರೆ 5,400 ಆಟ. ಐದು ವರ್ಷಕ್ಕೆ 27,000. ಆರು ಫೀಲ್ಡ್ ಅಂದರೆ ಡೇಟಾಬೇಸಿನ ಒಂದೇ ಟೇಬಲ್‌ನಲ್ಲಿ 1,62,000 ಸಾಲು. ವರ್ಡ್‌ಪ್ರೆಸ್ ಆ ಟೇಬಲ್‌ನಲ್ಲಿ ಫೀಲ್ಡಿನ ಹೆಸರಿಗೆ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಇಟ್ಟಿದೆ, ಒಳಗೆ ಬರೆದದ್ದಕ್ಕೆ ಇಟ್ಟಿಲ್ಲ. ಅಂದರೆ ಯಾರಾದರೂ "ಇವತ್ತು ಎಲ್ಲಿ ಆಟ?" ಅಂತ ಒತ್ತಿದಾಗಲೆಲ್ಲ ಅದು ತಾರೀಕಿನ 27,000 ಸಾಲುಗಳನ್ನು ಒಂದೊಂದಾಗಿ ನೋಡುತ್ತದೆ. ಸಂಜೆ ಐದಕ್ಕೆ ಊರೆಲ್ಲ ಒಟ್ಟಿಗೆ ಒತ್ತುತ್ತದೆ. ದುಬೈಯಲ್ಲಿ ಕೂತವರು ಸುಮ್ನೆ ಆಸೆಗೆ ಒಮ್ಮೆ ನೋಡುತ್ತಾರೆ.

ತಮಾಷೆ ಅಂದರೆ, ಎಲ್ಲರಿಗೂ ಉತ್ತರ ಒಂದೇ. ದಿನಕ್ಕೆ ಒಮ್ಮೆ ಮಾತ್ರ ಬದಲಾಗುವ ಉತ್ತರ! ಅದನ್ನು ಒಮ್ಮೆ ತಯಾರಿಸಿ ಕ್ಯಾಶ್‌ನಲ್ಲಿ (ಸಿದ್ಧ ಪುಟ ಎತ್ತಿಡುವ ಜಾಗ) ಇಟ್ಟರೆ ಆಯಿತು. ಪೇಜ್ ಕ್ಯಾಶ್ ಸರಿಯಾಗಿ ಕೂತರೆ ಪುಟ ತಯಾರಿಸುವ ಪಿಎಚ್‌ಪಿ ಏಳುವುದೇ ಇಲ್ಲ, ಎಂಟ್ರಿ ಪ್ರೊಸೆಸ್ ಖರ್ಚಾಗುವುದೂ ಇಲ್ಲ. ಮಳೆ ಬಂದು ಆಟ ನಿಂತರೆ ಕ್ಯಾಶ್ ಖಾಲಿ ಮಾಡಲು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಜನ ಒದ್ದೆ ಗದ್ದೆಯಲ್ಲಿ ನಿಂತು ನಿಮಗೆ ಫೋನ್ ಮಾಡುತ್ತಾರೆ.

ಇಷ್ಟು ಮಾಡಿ ಒಂದು ವಾರ ನೋಡಿ. ಸುಮಾರು ಸೈಟುಗಳ ಕತೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದ ಸಂದರ್ಭವೂ ಇದೆ. ಟಿಕೆಟ್ ಮಾರುತ್ತೀರಿ, ಲಾಗಿನ್ ಇದೆ, ಒಬ್ಬೊಬ್ಬರಿಗೆ ಒಂದೊಂದು ಪುಟ. ಅಲ್ಲಿ ಕ್ಯಾಶ್ ಅಷ್ಟು ನಡೆಯುವುದಿಲ್ಲ. ಅಥವಾ ಸ್ನೇಹಿತರ ಏಳೆಂಟು ಸೈಟ್ ನಿಮ್ಮ ತಲೆ ಮೇಲಿದೆ. ಆಗ ಶೇರ್ಡ್ ಬಿಟ್ಟು ಏಳುವುದು ಸರಿ. ಆದರೆ ನನ್ನನ್ನು ಕೇಳಿದರೆ ಮೊದಲ ಹೆಜ್ಜೆ ವಿಪಿಎಸ್. ಅದು ದೊಡ್ಡ ಯಂತ್ರದ ಒಂದು ತುಂಡು. ಏನು ಬೇಕಾದರೂ ಬದಲಿಸುವ ರೂಟ್ ಅಧಿಕಾರ ನಿಮ್ಮದೇ, ಕಲಿಯುವ ಕೆಲಸವೂ ಡೆಡಿಕೇಟೆಡ್‌ನಷ್ಟೇ. ಸಾಲದಿದ್ದರೆ ರ‍್ಯಾಮ್ ಏರಿಸಲು ಹೆಚ್ಚು ಹೊತ್ತು ಬೇಡ. ಡಿಸ್ಕ್ ಕೆಟ್ಟರೆ ತಲೆನೋವು ಕಂಪನಿಯದ್ದು. ಇಡೀ ಯಂತ್ರವೇ ಬೇಕಾಗುವುದು ಸಿಪಿಯು, ಡಿಸ್ಕ್ ದಿನವಿಡೀ ದುಡಿಯುವಾಗ. ರಾತ್ರಿಯಿಡೀ ನಡೆದ ಆಟದ ವಿಡಿಯೊ ಇಡಲಿಕ್ಕೆ ಅಂತ ಸರ್ವರ್ ಕೊಳ್ಳುವುದಂತೂ ಬೇಡ ಮಾರಾಯ್ರೆ, ಅದಕ್ಕೆ ಯೂಟ್ಯೂಬ್ ಇದೆ.

ಸರಿ, ಡೆಡಿಕೇಟೆಡ್ಡೇ ಅಂತ ತೀರ್ಮಾನಿಸಿದ್ದೀರಿ. ಆಗ ತಿಳಿದಿರಬೇಕಾದ್ದು: ನಿಮ್ಮ ಕೈಗೆ ಬರುವುದು ಖಾಲಿ ಮನೆ. ಬಾವಿ ಇದೆ, ಪಂಪು ನೀವೇ ಕೂರಿಸಬೇಕು. 'ಮ್ಯಾನೇಜ್ಡ್' ಅಂತ ಜಾಸ್ತಿ ದುಡ್ಡು ಕೊಟ್ಟರೆ ಅವರು ನೋಡಿಕೊಳ್ಳುತ್ತಾರೆ, 'ಅನ್‌ಮ್ಯಾನೇಜ್ಡ್' ಅಂದರೆ ನೀವೇ. ರಾತ್ರಿ ಎರಡಕ್ಕೆ ಸೈಟ್ ಬಿದ್ದರೆ ಏಳುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ.

ಎರಡು ಡಿಸ್ಕ್ ಇರುವ ಯಂತ್ರವನ್ನೇ ತೆಗೆದುಕೊಳ್ಳಿ, ರೇಡ್ 1 ಹಾಕಿ, ಅಂದರೆ ಎರಡರಲ್ಲೂ ಅದೇ ಡೇಟಾ. ಒಂದು ಡಿಸ್ಕ್ ಸತ್ತರೂ ಸೈಟ್ ನಡೆಯುತ್ತದೆ. ಆದರೆ ಅದು ಬ್ಯಾಕಪ್ ಅಲ್ಲ. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಒಂದೇ ಸಲಕ್ಕೆ ಹೋಗುತ್ತದೆ. ಬ್ಯಾಕಪ್ ಬೇರೆ ಊರಲ್ಲಿ, ಬೇರೆ ಕಂಪನಿಯಲ್ಲಿ ಇರಲಿ. ಸರ್ವರ್ ಮಾತ್ರ ಮುಂಬೈ ಥರದ ಹತ್ತಿರದ ಜಾಗದಲ್ಲಿ ಸಿಕ್ಕರೆ ಒಳ್ಳೆಯದು. ಯುರೋಪಿನದ್ದು ಅಗ್ಗ ಅಂತ ಹೋದರೆ ಪ್ರತಿ ಮಾತಿಗೂ ನೂರು ಮಿಲಿಸೆಕೆಂಡಿಗಿಂತ ಜಾಸ್ತಿ ಓಡಾಟ.

ಇನ್ನೊಂದು ವಿಷಯ ಹೊಸಬರನ್ನು ನಿಜಕ್ಕೂ ಕಂಗಾಲು ಮಾಡುತ್ತದೆ. 64 ಜಿಬಿ ರ‍್ಯಾಮ್ ಯಂತ್ರ ಕೊಂಡು ಸೈಟ್ ಹಾಕುತ್ತಾರೆ, ಅದು ಹಳೆಯದಕ್ಕಿಂತ ನಿಧಾನ! ಕಾರಣ ಸಣ್ಣದು. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಪಿಎಚ್‌ಪಿ ನಡೆಸುವ ಪಿಎಚ್‌ಪಿ-ಎಫ್‌ಪಿಎಂ ಕೂರಿಸಿದಾಗ ಒಟ್ಟಿಗೆ ದುಡಿಯುವ ಪ್ರೊಸೆಸ್ ಬರೀ 5 ಅಂತ ಬರೆದಿರುತ್ತದೆ. ವಠಾರದಲ್ಲಿ 20 ಇತ್ತು, ಸ್ವಂತ ಮನೆಯಲ್ಲಿ 5. ಒಂದು ಪ್ರೊಸೆಸ್‌ಗೆ 60 ಎಂಬಿ ಅಂತ ಹಿಡಿದರೂ 50 ಪ್ರೊಸೆಸ್‌ಗೆ 3 ಜಿಬಿ, ಧಾರಾಳವಾಗಿ ಏರಿಸಬಹುದು. ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್ ಕೂಡ ಹಾಗೇ. ಡೇಟಾವನ್ನು ನೆನಪಲ್ಲಿ ಇಟ್ಟುಕೊಳ್ಳುವ ಬಫರ್ ಪೂಲ್ 128 ಎಂಬಿಗೆ ನಿಂತಿರುತ್ತದೆ. ನಿಮ್ಮ ಇಡೀ ಡೇಟಾಬೇಸ್ ಹಿಡಿಯುವಷ್ಟು ಕೊಡಿ.

ಇನ್ನು ಬಾಗಿಲು. ಹೊಸ ಸರ್ವರ್ ಇಂಟರ್ನೆಟ್ಟಿಗೆ ಬಂದ ಸ್ವಲ್ಪ ಹೊತ್ತಿಗೇ ಯಾರ್‍ಯಾರೋ 22ನೇ ಪೋರ್ಟ್, ಅಂದರೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಬಾಗಿಲು, ತಟ್ಟಲು ಶುರು ಮಾಡುತ್ತಾರೆ. ಎಸ್‌ಎಸ್‌ಎಚ್‌ಗೆ ಕೀ (ಪಾಸ್‌ವರ್ಡ್ ಬದಲಿನ ಕೀ ಫೈಲ್) ಇಡಿ, ಪಾಸ್‌ವರ್ಡ್ ಲಾಗಿನ್ ತೆಗೆದುಬಿಡಿ, ಬೇಡದ ಪೋರ್ಟ್ ಮುಚ್ಚುವ ಫೈರ್‌ವಾಲ್ ಹಾಕಿ. ಹೇಳುವುದು ಸುಲಭ. ನಾನು ಮೊದಲ ಸಲ ಮಾಡಿದ್ದು ಜೂನ್ ತಿಂಗಳಲ್ಲಿ, ಮಣಿಪಾಲದ ರೂಮಿನಲ್ಲಿ ಕೂತು. ಹೊರಗೆ ಧೋ ಅಂತ ಮಳೆ. ವೆಬ್‌ಸೈಟಿನ ಪೋರ್ಟ್ 80, 443 ತೆರೆದೆ, ಫೈರ್‌ವಾಲ್ ಚಾಲೂ ಮಾಡಿದೆ. 22 ತೆರೆಯಲು ಮರೆತಿದ್ದೆ. ಆದರೆ ಆಗಲೇ ಒಳಗಿದ್ದ ನನ್ನ ಕನೆಕ್ಷನ್ ಕಡಿಯಲಿಲ್ಲ, ಹಾಗಾಗಿ ಗೊತ್ತೇ ಆಗಲಿಲ್ಲ. ಐದು ನಿಮಿಷಕ್ಕೆ ಕರೆಂಟು ಹೋಯಿತು. ವೈಫೈ ಹೋಯಿತು. ಫೋನಿನ ಹಾಟ್‌ಸ್ಪಾಟ್ ಹಾಕಿ ಮತ್ತೆ ಒಳಗೆ ಹೋಗಲು ನೋಡಿದರೆ ಕರ್ಸರ್ ಸುಮ್ನೆ ಮಿನುಗುತ್ತಿದೆ, ಉತ್ತರ ಇಲ್ಲ. ಬ್ರೌಸರಿನಲ್ಲಿ ಸೈಟ್ ಮಾತ್ರ ಚೆನ್ನಾಗಿ ತೆರೆಯುತ್ತಿದೆ! ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕೊನೆಗೆ ಕಂಪನಿಯ ಪ್ಯಾನೆಲ್‌ನಲ್ಲಿದ್ದ, ಎಸ್‌ಎಸ್‌ಎಚ್ ಇಲ್ಲದೆ ಒಳಗೆ ಬಿಡುವ ಕನ್ಸೋಲ್ ಹುಡುಕಿ, ಹದಿನೆಂಟು ಪರ್ಸೆಂಟ್ ಬ್ಯಾಟರಿಯಲ್ಲಿ ಒಳಗೆ ಹೊಕ್ಕೆ.

ಈಗ ಫೈರ್‌ವಾಲ್ ಹಾಕುವ ಮೊದಲು, ಹತ್ತು ನಿಮಿಷ ಬಿಟ್ಟು ಅದು ತಾನಾಗಿ ಆಫ್ ಆಗುವ ಹಾಗೆ ಒಂದು ಕಮಾಂಡ್ ಇಟ್ಟುಬಿಡುತ್ತೇನೆ. ಇನ್ನೊಂದು ವಿಂಡೋದಲ್ಲಿ ಹೊಸದಾಗಿ ಲಾಗಿನ್ ಆದರೆ ಮಾತ್ರ ಅದನ್ನು ತೆಗೆಯುವುದು. ದೊಡ್ಡ ಕೆಲಸವೆಲ್ಲ, ಕನೆಕ್ಷನ್ ಕಡಿದರೂ ಸರ್ವರಿನಲ್ಲಿ ಉಳಿಯುವ ಟಿಮಕ್ಸ್ ಒಳಗೆ. ನಮ್ಮ ಮನೆಯ ಕರೆಂಟು ಹೋದರೂ ಅಲ್ಲಿ ಕಾಪಿ ನಡೆಯುತ್ತಲೇ ಇರುತ್ತದೆ.

ಸ್ಥಳಾಂತರದ ಕ್ರಮ ಹೀಗೆ. ಎರಡು ದಿನ ಮೊದಲೇ ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿಗೆ ಸರ್ವರಿನ ವಿಳಾಸ ಹೇಳುವ ಪಟ್ಟಿ) ಟಿಟಿಎಲ್, ಅಂದರೆ ಆ ವಿಳಾಸ ನೆನಪಿಟ್ಟುಕೊಳ್ಳುವ ಸೆಕೆಂಡು, 300ಕ್ಕೆ ಇಳಿಸಿ. ಅದು 86400 ಇದ್ದರೆ ಕೆಲವರಿಗೆ ಇಡೀ ಒಂದು ದಿನ ಹಳೆಯ ವಿಳಾಸವೇ ಸಿಗುತ್ತದೆ, 300 ಅಂದರೆ ಐದು ನಿಮಿಷ. ಫೈಲುಗಳನ್ನು ಆರ್‌ಸಿಂಕ್‌ನಲ್ಲಿ ಕಾಪಿ ಮಾಡಿ, ಡೇಟಾಬೇಸಿನ ಡಂಪ್ (ಪೂರ್ತಿ ನಕಲು) ತೆಗೆದು ಹೊಸದರಲ್ಲಿ ಸುರಿಯಿರಿ. ಆಮೇಲೆ ನಿಮ್ಮ ಲ್ಯಾಪ್‌ಟಾಪಿನ ಹೋಸ್ಟ್ಸ್ ಫೈಲ್‌ನಲ್ಲಿ ಸೈಟಿನ ಹೆಸರಿಗೆ ಹೊಸ ಐಪಿ (ಸರ್ವರಿನ ವಿಳಾಸ) ಬರೆದುಕೊಂಡರೆ ಹೊಸ ಸೈಟ್ ನಿಮಗೊಬ್ಬರಿಗೇ ಕಾಣುತ್ತದೆ. ಪುಟಪುಟ ತೆರೆದು ನೋಡಿ, ಫಾರ್ಮ್ ತುಂಬಿ ನೋಡಿ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನು ಹಳೆಯದರಿಂದಲೇ ಕಾಪಿ ಮಾಡಿ ಅಥವಾ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಡಿಎನ್‌ಎಸ್ ಮೂಲಕ ಪಡೆಯಿರಿ. ಎಲ್ಲ ಸರಿ ಇದ್ದರೆ ಹಳೆಯ ಕಡೆ ಹೊಸದಾಗಿ ಬರೆಯುವುದನ್ನು ನಿಲ್ಲಿಸಿ, ಕೊನೆಯ ಡಂಪ್ ತನ್ನಿ, ಡಿಎನ್‌ಎಸ್‌ನಲ್ಲಿ ವಿಳಾಸ ಬರೆದಿರುವ ಎ ರೆಕಾರ್ಡ್ ಬದಲಿಸಿ. ಅರ್ಧ ಗಂಟೆಯ ಕೆಲಸ. ಓದುವವರಿಗೆ ಗೊತ್ತೂ ಆಗುವುದಿಲ್ಲ.

ಇಲ್ಲಿ ಎಡವುವುದು ಇಮೇಲ್ ವಿಷಯಕ್ಕೆ. ನಿಮ್ಮ ಡೊಮೇನಿನ ಮೇಲ್‌ಬಾಕ್ಸ್‌ಗಳು ಶೇರ್ಡ್ ಅಕೌಂಟಿನೊಳಗೇ ಕೂತಿವೆ. ಎ ರೆಕಾರ್ಡ್ ಬಿಟ್ಟು ನೇಮ್‌ಸರ್ವರನ್ನೇ (ಡಿಎನ್‌ಎಸ್ ಪಟ್ಟಿ ಇಟ್ಟಿರುವ ಸರ್ವರ್) ಬದಲಿಸಿ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ತರಲು ಮರೆತರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ. ಎಂಎಕ್ಸ್ ರೆಕಾರ್ಡ್ ಡೊಮೇನಿನ ಹೆಸರನ್ನೇ ತೋರಿಸುತ್ತಿದ್ದರೆ ಎ ರೆಕಾರ್ಡ್ ಬದಲಿಸಿದ ಕೂಡಲೇ ಮೇಲೂ ಹೊಸ ಯಂತ್ರದ ಬಾಗಿಲಿಗೆ ಬರುತ್ತದೆ, ಅಲ್ಲಿ ತೆಗೆದುಕೊಳ್ಳುವವರಿಲ್ಲ. ಮೊದಲ ಸರ್ವರಿನಲ್ಲೇ ಮೇಲ್ ನಡೆಸುವ ಸಾಹಸ ಬೇಡ. ಹಿಂದೆ ಆ ಐಪಿ ಯಾರ ಕೈಯಲ್ಲಿತ್ತೋ, ಏನು ಸ್ಪ್ಯಾಮ್ ಕಳಿಸಿದ್ದರೋ! ಮೇಲ್‌ಗೆ ಬೇರೆಯೇ ಸೇವೆ ತೆಗೆದುಕೊಂಡು ಎಸ್‌ಪಿಎಫ್, ಡಿಕಿಮ್ (ಮೇಲ್ ನಿಮ್ಮದೇ ಅಂತ ತೋರಿಸುವ ಡಿಎನ್‌ಎಸ್ ಸಾಲುಗಳು) ಎರಡನ್ನೂ ಅದಕ್ಕೆ ಸರಿಯಾಗಿ ಬರೆಯಿರಿ.

ಯಾವಾಗ ಮಾಡುವುದು? ನಿಮಗೆ ಪಂಚಾಂಗವೇ ಹೇಳುತ್ತದಲ್ವಾ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ, ಮೇ 24ರ ಆಸುಪಾಸು. ಅಲ್ಲಿಂದ ದೀಪಾವಳಿವರೆಗೆ ಸಂಜೆಯ ನೂಕುನುಗ್ಗಲು ಇಲ್ಲ. ತಿರುಗಾಟದ ಮಧ್ಯೆ ಸರ್ವರ್ ಮುಟ್ಟಬೇಡಿ, ಈಗ ಕ್ಯಾಶ್ ಒಂದು ಹಾಕಿ ಸೀಸನ್ ದಾಟಿಸಿ. ಬದಲಾಯಿಸಿದ ಮೇಲೂ ಹಳೆಯ ಅಕೌಂಟಿಗೆ ಇನ್ನೊಂದು ತಿಂಗಳ ದುಡ್ಡು ಕಟ್ಟಿ ಇಡಿ. ಮತ್ತೆ ಒಂದು ಇನ್ವರ್ಟರ್ ಇದ್ದರೆ ಆ ದಿನ ಅದರ ಬ್ಯಾಟರಿಗೆ ನೀರು ಇದೆಯಾ ನೋಡಿಕೊಳ್ಳಿ.