ಮಳೆಗಾಲದ ನಾಟದ ಲಾರಿ: ನಿಂತ ದಿನದ ಲೆಕ್ಕ

ಆರಿದ್ರಾ ಮಳೆ ಹಿಡಿಯಿತೆಂದರೆ ನಾಟದ, ಅಂದರೆ ಮರದ ದಿಮ್ಮಿ ಹೊರುವ, ಲಾರಿಯವರ ಸೋಮವಾರ ಬೆಳಿಗ್ಗೆ ಫೋನಿನಲ್ಲೇ ಕಳೆಯುತ್ತದೆ. ಮಾರನಹಳ್ಳಿ ಕಡೆ ಚಹಾ ಅಂಗಡಿ ಇಟ್ಟವರಿಗೆ ಒಂದು ಕರೆ, ರಾತ್ರಿ ಗುಂಡ್ಯದಿಂದ ಘಾಟಿ ಹತ್ತಿ ಬಂದ ಟ್ಯಾಂಕರ್ ಚಾಲಕರಿಗೆ ಒಂದು, ಲೋಡ್ ಇರುವ ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಇನ್ನೊಂದು. ಶಿರಾಡಿ ಘಾಟಿ ತೆರೆದಿದೆಯೇ, ಎಲ್ಲಾದರೂ ಒಂದೇ ಸಾಲಿನಲ್ಲಿ ಬಿಡುತ್ತಿದ್ದಾರೆಯೇ, ತೋಟದೊಳಗಿನ ಮೋರಿ ಗಟ್ಟಿ ನಿಂತಿದೆಯೇ. ಇಷ್ಟು ತಿಳಿಯದೆ ಎಂಜಿನ್ ಚಾಲೂ ಮಾಡಿದರೆ ಡೀಸೆಲ್ಲೂ ಹೋಗುತ್ತದೆ, ದಿನವೂ ಹೋಗುತ್ತದೆ.

ನಾನು ಹೊರುವುದು ಹೆಚ್ಚಾಗಿ ಸಕಲೇಶಪುರ, ಮೂಡಿಗೆರೆ ಸುತ್ತಿನ ಕಾಫಿ ತೋಟಗಳ ಸಿಲ್ವರ್ ಓಕ್. ಘಾಟಿ ಇಳಿದು, ಮಂಗಳೂರು ದಾಟಿ ಕಣ್ಣೂರು, ಪೆರುಂಬಾವೂರು ಕಡೆಯ ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತದೆ. ಇಂಥ ಮಳೆಯಲ್ಲಿ ನಾಟ ಯಾಕೆ ಸಾಗಿಸಬೇಕು ಎಂದು ಪೇಟೆಯವರು ಕೇಳುತ್ತಾರೆ. ಮರದಿಂದ ತೆಳು ಹಾಳೆ ಸುಲಿಯುವ ಯಂತ್ರಕ್ಕೆ ಹಸಿ ದಿಮ್ಮಿಯೇ ಬೇಕು, ಒಣಗಿದರೆ ಹಾಳೆ ಸೀಳುತ್ತದೆ. ಕಡಿದ ದಿಮ್ಮಿ ಮಳೆಯಲ್ಲಿ ವಾರಗಟ್ಟಲೆ ಬಿದ್ದಿದ್ದರೆ ಬೂಷ್ಟು ಹಿಡಿದು ಕಲೆಯಾಗುತ್ತದೆ, ದರ ಇಳಿಯುತ್ತದೆ. ಅದರ ಮೇಲೆ ಪುನರ್ವಸು, ಪುಷ್ಯ ಮಳೆಯ ಗಾಳಿಗೆ ಉರುಳಿದ ಮರಗಳು ಕಾಫಿ ಗಿಡದ ಮೇಲೆ ಬಿದ್ದಿರುತ್ತವೆ, ಅವನ್ನು ತೆಗೆಯದೆ ಮಾಲೀಕರಿಗೆ ದಾರಿಯಿಲ್ಲ. ಹಾಗಾಗಿ ಕೆಲಸ ನಿಲ್ಲುವುದಿಲ್ಲ. ಆದರೆ ಆ ಕೆಲಸದಲ್ಲಿ ಓಡಿಸುವುದು ಎಷ್ಟು, ನಿಲ್ಲಿಸಿ ಕಾಯುವುದು ಎಷ್ಟು ಎಂಬುದು ಲಾರಿ ಕರೆಸುವವರಿಗೆ ಸರಿಯಾಗಿ ಗೊತ್ತಿಲ್ಲ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಜಗಳ ತೋಟದ ಗೇಟಿನಲ್ಲಿ.

“ಹೋಗ್ತದೆ ಮಾರಾಯ್ರೇ, ನಿನ್ನೆ ಟ್ರ್ಯಾಕ್ಟರ್ ಹೋಗಿ ಬಂದಿದೆ” ಎನ್ನುತ್ತಾರೆ ರೈಟರು.

“ಟ್ರ್ಯಾಕ್ಟರ್ ಹೋಗ್ತದೆ ರೈಟ್ರೇ. ನಾನು ಒಂದ್ಸಲ ನಡ್ಕೊಂಡು ನೋಡಿ ಬರ್ತೀನಿ.”

ನಡೆದು ನೋಡುವುದು ಅನುಮಾನದಿಂದಲ್ಲ, ಅದು ಕೆಲಸದ ಮೊದಲ ಭಾಗ. ಖಾಲಿ ಲಾರಿ ಇಳಿಯುವ ರಸ್ತೆಯಲ್ಲಿ ತುಂಬಿದ ಲಾರಿ ಹತ್ತಬೇಕಾಗುತ್ತದೆ. ಹಿಮ್ಮಡಿ ಊರಿದರೆ ಗುಳಿ ಬಿದ್ದು ಅದರಲ್ಲಿ ನೀರು ಒಸರಿದರೆ ಆ ಮಣ್ಣು ಲಾರಿಯನ್ನು ಹೊರುವುದಿಲ್ಲ. ಗಾಲಿ ಜಾಡಿನಲ್ಲಿ ನೀರು ನಿಂತಿದ್ದರೆ ಅಡಿಯಲ್ಲಿ ಜೇಡಿ ಇದೆ ಎಂದು ಅರ್ಥ. ಮೋರಿಯ ಎರಡೂ ಬಾಯಿ ಬಗ್ಗಿ ನೋಡಬೇಕು. ಒಂದು ಕಡೆ ನೀರು ತುಂಬಿ ಇನ್ನೊಂದು ಕಡೆ ಸಣ್ಣದಾಗಿ ಹರಿಯುತ್ತಿದ್ದರೆ ಒಳಗೆ ಕಟ್ಟಿಕೊಂಡಿದೆ, ಮೇಲಿನ ಮಣ್ಣು ಕೊರೆಯುತ್ತಿದೆ. ಇಂಥ ಕಡೆ ಲಾರಿ ಇಳಿಸದೆ, ದಿಮ್ಮಿಗಳನ್ನು ಟ್ರ್ಯಾಕ್ಟರಿನಲ್ಲಿ ಟಾರು ರಸ್ತೆಗೆ ತಂದು ಅಲ್ಲಿ ತುಂಬುವುದೇ ಸರಿ. ಅದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ. ಹೂತ ಲಾರಿಯನ್ನು ಎಳೆಸಲು ಹೋದರೆ ಎರಡು ದಿನವೂ ಹಿಡಿದೀತು, ಸಾಲದ್ದಕ್ಕೆ ತೋಟದ ರಸ್ತೆಯೂ ಹಾಳು.

ತುಂಬುವಾಗ ಹೆಚ್ಚು ಭಯ ಸಿಪ್ಪೆ ಸುಲಿದ ದಿಮ್ಮಿಯದು. ಸಿಲ್ವರ್ ಓಕಿನ ಸಿಪ್ಪೆ ತೆಗೆದ ಮೈಗೆ ಮಳೆ ನೀರು ಬಿದ್ದರೆ ಕೈಗೂ ನಿಲ್ಲುವುದಿಲ್ಲ, ಹಗ್ಗಕ್ಕೂ ನಿಲ್ಲುವುದಿಲ್ಲ. ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕೀಳಲು ಲೋಡರ್ ಬಗ್ಗಿದ ಕ್ಷಣದಲ್ಲೇ ಮೇಲಿನದು ಜಾರಬಹುದು. ಆದ್ದರಿಂದ ಜೋರು ಮಳೆಯಲ್ಲಿ ಲೋಡಿಂಗ್ ನಿಲ್ಲಿಸಬೇಕು ಎಂಬ ಮೇಸ್ತ್ರಿಯ ಮಾತಿಗೆ ಚಾಲಕ ಯಾವತ್ತೂ ಎದುರಾಡಬಾರದು. ದಪ್ಪ ದಿಮ್ಮಿ ಕೆಳಗೆ, ಸಣ್ಣವು ನಡುವಿನ ಸಂದಿಗೆ, ಪಕ್ಕದ ಗೂಟಗಳ ತಲೆ ದಾಟಿ ಒಂದೂ ಇರಕೂಡದು. ಸರಪಳಿ ಬಿಗಿದು ಹೊರಟ ಮೇಲೆ ಹತ್ತು ಹದಿನೈದು ಕಿಲೋಮೀಟರಿಗೆ ಸಮತಟ್ಟು ಜಾಗ ನೋಡಿ ನಿಲ್ಲಿಸಿ ಮತ್ತೆ ಬಿಗಿಯಲೇಬೇಕು. ನೆನೆದ ಸಿಪ್ಪೆ ಸರಪಳಿಯ ಅಡಿಯಲ್ಲಿ ಜಜ್ಜಿ ಕಳಚುತ್ತದೆ, ದಿಮ್ಮಿಗಳು ಕುಲುಕಿ ಕೂರುತ್ತವೆ, ಬೆಳಿಗ್ಗೆ ಬಿಗಿಯಾಗಿದ್ದ ಲೋಡು ಸಡಿಲವಾಗಿರುತ್ತದೆ. ಘಾಟಿಯ ಮೊದಲ ತಿರುವಿಗೆ ಮುಂಚೆ ಈ ಕೆಲಸ ಮುಗಿದಿರಬೇಕು.

ತೂಕದ ಮಾತು. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ, ಮಳೆಯಲ್ಲಿ ಬಿದ್ದ ಸಿಪ್ಪೆ ಇನ್ನಷ್ಟು ಕುಡಿದಿರುತ್ತದೆ. ಬೇಸಿಗೆಯಲ್ಲಿ ಗೂಟದ ಯಾವ ಗುರುತಿನವರೆಗೆ ತುಂಬುತ್ತಿದ್ದರೋ ಮಳೆಗಾಲದಲ್ಲೂ ಅಲ್ಲಿಯವರೆಗೇ ತುಂಬಿದರೆ ಕಾಟಾದಲ್ಲಿ (ಲಾರಿ ತೂಗುವ ಕಡೆ) ಹೆಚ್ಚು ಬರುತ್ತದೆ. 2018ರ ಬದಲಾವಣೆಯ ನಂತರ ಆರು ಚಕ್ರದ ಲಾರಿಗೆ ಗಾಡಿ ಸೇರಿ 18.5 ಟನ್, ಹತ್ತು ಚಕ್ರದ್ದಕ್ಕೆ 28.5 ಟನ್ ಮಿತಿ. ಮೀರಿದರೆ ದಂಡ 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ದಂಡ ಕಟ್ಟಿ ಮುಂದೆ ಹೋಗಬಹುದು ಎಂದು ಲೆಕ್ಕ ಹಾಕುವ ಮಾಲೀಕರಿದ್ದಾರೆ. ಘಾಟಿ ಇಳಿಯುವಾಗ ಆ ಹೆಚ್ಚುವರಿ ಟನ್ನು ಬ್ರೇಕ್ ಡ್ರಮ್ಮಿನ ಮೇಲೆ ಕೂತಿರುತ್ತದೆ, ಅದು ದಂಡದಿಂದ ಇಳಿಯುವುದಿಲ್ಲ.

ಕಾಗದ ಪತ್ರದ ಬಗ್ಗೆ ಚಿಕ್ಕದಾಗಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ. ಎಲ್ಲ ಮರಕ್ಕೂ ಹಾಗಿಲ್ಲ. ಗಾಳಿಗೆ ಬಿದ್ದ ಕಾಡುಮರದ ಒಂದು ತುಂಡನ್ನು “ಇದೂ ಹೋಗಲಿ” ಎಂದು ಲೋಡಿಗೆ ಸೇರಿಸಿದರೆ, ಚೆಕ್‌ಪೋಸ್ಟಿನಲ್ಲಿ ಉತ್ತರ ಹೇಳಬೇಕಾದವನು ಚಾಲಕ.

ಇನ್ನು ಘಾಟಿ. ಆಗುಂಬೆಯಲ್ಲಿ ಮಳೆಗಾಲಕ್ಕೆ ಭಾರೀ ವಾಹನ ಬಿಡುವುದಿಲ್ಲ. ಚಾರ್ಮಾಡಿ 2019ರ ಕುಸಿತಗಳ ನಂತರ ನಮ್ಮಂಥವರ ಲೆಕ್ಕದಿಂದ ಬಿಟ್ಟುಹೋಯಿತು. ಉಳಿದದ್ದು ಶಿರಾಡಿ, ಹೆದ್ದಾರಿ 75. ಅಲ್ಲೂ 2022ರ ಜುಲೈನಲ್ಲಿ ದೋಣಿಗಾಲ್ ಬಳಿ ರಸ್ತೆಯೇ ಕುಸಿಯಿತು, 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. ಶಿರಾಡಿ ಮುಚ್ಚಿದಾಗ ಸಿಮೆಂಟು, ದಿನಸಿ ಲಾರಿಗಳು ಮಡಿಕೇರಿ–ಸಂಪಾಜೆ ದಾರಿ ಹಿಡಿಯಬಹುದು. ನಾಟದ ಲಾರಿಗೆ ಅದೂ ಇಲ್ಲ: ಕೊಡಗಿನಲ್ಲಿ ಮಳೆ ಜೋರಿರುವ ವಾರಗಳಲ್ಲಿ ಮರದ ದಿಮ್ಮಿ ಮತ್ತು ಮರಳು ಹೊತ್ತ ಭಾರೀ ವಾಹನಗಳನ್ನು ಜಿಲ್ಲಾಧಿಕಾರಿಯ ಆದೇಶದಿಂದಲೇ ತಡೆಯುತ್ತಾರೆ. ಈ ಆದೇಶದ ಬಗ್ಗೆ ನಮ್ಮವರಲ್ಲಿ ಗೊಣಗಾಟವಿದೆ. ನನ್ನ ಮಟ್ಟಿಗೆ ಅದು ಸರಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡಗಳು ಹೇಗೆ ಇಳಿದು ಬಂದವು ಎಂದು ಕಂಡವರಿಗೆ, ನೆನೆದ ಧರೆಯ (ರಸ್ತೆಗೆ ಕಡಿದ ಗುಡ್ಡದ ಗೋಡೆಯ) ಬುಡದಲ್ಲಿ ಇಪ್ಪತ್ತೆಂಟು ಟನ್ನಿನ ಅದುರು ಬೇಡ ಎಂಬ ಮಾತು ಅತಿಯೆನಿಸುವುದಿಲ್ಲ.

ಇಳಿಯುವ ಕ್ರಮ ಹಳೆಯದೇ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು, ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ವೇಗವನ್ನು ಎಂಜಿನ್ ಹಿಡಿಯಬೇಕು. ಕಾಲು ಬ್ರೇಕಿನ ಮೇಲೇ ಇದ್ದರೆ ಲೈನರ್ ಕಾದು ಕೊನೆಯ ತಿರುವಿನಲ್ಲಿ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಇದಕ್ಕೆ ಎರಡು ಮೂರು ಸೇರಿಕೊಳ್ಳುತ್ತವೆ. ನಿಂತ ನೀರು ದಾಟಿದ ಮೇಲೆ ಡ್ರಮ್ಮು ನೆನೆದಿರುತ್ತದೆ, ಒಂದು ಬದಿ ಮೊದಲು ಹಿಡಿದು ಲಾರಿ ಆ ಕಡೆಗೆ ಎಳೆಯುತ್ತದೆ. ದಾಟಿದ ಕೂಡಲೇ ಹಗುರವಾಗಿ ಬ್ರೇಕ್ ಒತ್ತಿ ಸ್ವಲ್ಪ ದೂರ ನಡೆಸಿ ಒಣಗಿಸಿಕೊಳ್ಳಬೇಕು. ಥಂಡಿಗೆ ಬ್ರೇಕಿನ ಏರ್ ಟ್ಯಾಂಕಿನಲ್ಲಿ ನೀರು ಕೂಡುತ್ತದೆ, ದಿನಾ ಬೆಳಿಗ್ಗೆ ಅಡಿಯ ವಾಲ್ವ್ ಎಳೆದು ಬಿಡಬೇಕು. ಈ ಕೆಲಸವನ್ನು ಕ್ಲೀನರ್ ಹುಡುಗನಿಗೆ ಹೇಳಿ ಮರೆಯುವುದಕ್ಕಿಂತ ಚಾಲಕನೇ ಮಾಡುವುದು ಒಳ್ಳೆಯದು, ಬಂದ ನೀರಿನ ಜೊತೆ ಎಣ್ಣೆ ಇದ್ದರೆ ಗಾಳಿ ತುಂಬುವ ಕಂಪ್ರೆಸರ್ ಸವೆದಿರಬಹುದು ಎಂಬುದು ಅವನಿಗೇ ತಿಳಿಯಬೇಕು.

ಹೊಸ ಚಾಲಕರು ನಂಬದ ಒಂದು ವಿಷಯ: ಮಳೆಯಲ್ಲಿ ತುಂಬಿದ ಲಾರಿಗಿಂತ ಖಾಲಿ ಲಾರಿ ಬೇಗ ಜಾರುತ್ತದೆ. ಹಿಂದಿನ ಗಾಲಿಗಳ ಮೇಲೆ ಭಾರವಿಲ್ಲ, ಬ್ರೇಕು ಮಾತ್ರ ತುಂಬಿದ ಲಾರಿಯನ್ನು ನಿಲ್ಲಿಸುವಷ್ಟೇ ಬಲದ್ದು. ಗಾಲಿ ಕಚ್ಚದಂತೆ ತಡೆಯುವ ಎಬಿಎಸ್ ಇಲ್ಲದ ಹಳೆಯ ಗಾಡಿಯಲ್ಲಿ ಜೋರಾಗಿ ಒತ್ತಿದರೆ ಗಾಲಿ ಕಚ್ಚಿ ಹಿಂಭಾಗ ತಿರುಗಿಬಿಡುತ್ತದೆ. ಲೋಡು ಇಳಿಸಿ ಹಗುರವಾದ ಮನಸ್ಸಿನಲ್ಲಿ ವಾಪಸು ಬರುವಾಗ ಆಗುವ ಅಪಘಾತಗಳ ಕಾರಣ ಇದೇ.

ಮಗುಚುವುದು ಹೆಚ್ಚಾಗಿ ರಸ್ತೆಯ ಅಂಚಿನಲ್ಲಿ. ಎದುರಿನ ಬಸ್ಸಿಗೆ ಸೈಡು ಕೊಡಲು ಎಡಕ್ಕೆ ಸರಿದಾಗ ಟಾರು ಬಿಟ್ಟ ಗಾಲಿ ನೆನೆದ ಮಣ್ಣಿಗೆ ಇಳಿಯುತ್ತದೆ. ನಾಟದ ಲೋಡು ಎತ್ತರದ್ದು, ಒಂದು ಗೇಣು ತಗ್ಗಿದರೂ ಭಾರವೆಲ್ಲ ಅದೇ ಕಡೆ ವಾಲುತ್ತದೆ, ಆಮೇಲೆ ಸ್ಟೇರಿಂಗ್ ಏನೂ ಮಾಡಲಾರದು. ಅಂಥಲ್ಲಿ ನಾನು ಟಾರಿನ ಮೇಲೇ ನಿಂತುಬಿಡುತ್ತೇನೆ. ಎದುರಿನವರು ಹಾರ್ನ್ ಹೊಡೆಯಲಿ, ಬೈಯಲಿ. ಹತ್ತಿ ಬರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕೆಂಬ ನಿಯಮ ನನಗೂ ಗೊತ್ತು, ಅದಕ್ಕಾಗಿಯೇ ಅಗಲ ಇರುವ ಕಡೆ ಮುಂಚಿತವಾಗಿ ನಿಲ್ಲಬೇಕು. ಮುಂಚಿತವಾಗಿ ಕಾಣಬೇಕೆಂದರೆ ಗಾಜು ತಿಳಿಯಾಗಿರಬೇಕು. ವೈಪರ್ ಕೈಕೊಟ್ಟಾಗ ಬೀಡಿಯ ಹೊಗೆಸೊಪ್ಪು ಉಜ್ಜಿ ಗಾಡಿ ಹೊಡೆದ ತಲೆಮಾರು ನಮ್ಮದು. ಹೊರಗಿನ ನೀರಿಗೆ ಅದು ಸ್ವಲ್ಪ ಹೊತ್ತು ನಡೆಯುತ್ತದೆ, ಒಳಗಿನ ಹಬೆಗೆ ನಡೆಯುವುದಿಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾಗಿದೆ. ಅದನ್ನು ಬೇಸಿಗೆಯ ಸೌಕರ್ಯವೆಂದು ಮಾತಾಡಿದವರೇ ಹೆಚ್ಚು. ಘಾಟಿಯವರಿಗೆ ಅದು ಮಳೆಗಾಲದಲ್ಲಿ ಗಾಜಿನ ಹಬೆ ತೆಗೆಯುವ ಸಾಧನ.

ಇಷ್ಟೆಲ್ಲ ಓಡಿಸುವ ಮಾತಾಯಿತು. ನಿಲ್ಲಿಸುವ ಮಾತು ಇದಕ್ಕಿಂತ ದೊಡ್ಡದು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಗಂಗಾವಳಿ ನದಿ, ನಡುವೆ ರಸ್ತೆ. ಲಾರಿಯವರು ಚಹಾಕ್ಕೆ, ವಿಶ್ರಾಂತಿಗೆ ನಿಲ್ಲಿಸುತ್ತಿದ್ದ ಜಾಗ. ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು. ಕೇರಳಕ್ಕೆ ನಾಟ ಒಯ್ಯುತ್ತಿದ್ದ ಲಾರಿ ಚಾಲಕನ ಸಮೇತ ನದಿ ಸೇರಿತು. ಗೋವಾದಿಂದ ಡ್ರೆಜರ್ ತಂದು ಹೂಳು ತೆಗೆದು ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು, 71 ದಿನಗಳ ನಂತರ. ದೇಹ ಕ್ಯಾಬಿನ್ನಿನಲ್ಲೇ ಇತ್ತು. ಆ ಚಾಲಕ ನಮ್ಮಲ್ಲಿ ಬಹುಪಾಲು ಜನ ಎಂದಾದರೂ ನಿಲ್ಲಿಸಿದ್ದ ಕಡೆಯೇ ಇದ್ದವರು. ನಾನೂ ಆ ದಾರಿಯಲ್ಲಿ ಹೋದವನು, ಅವರ ಮನೆಯವರನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಅಂದಿನಿಂದ ಮಳೆಯಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನನ್ನ ಜೊತೆ ಬರುವ ಹುಡುಗರಿಗೆ ಗೇರಿಗಿಂತ ಮೊದಲು ಹೇಳಿಕೊಡುತ್ತೇನೆ. ನೆಟ್ಟಗೆ ಕಡಿದ ಧರೆಯ ಕೆಳಗೆ ಬೇಡ, ಎಷ್ಟು ಅಗಲ ಜಾಗವಿದ್ದರೂ ಬೇಡ. ಹೊಳೆ ಬದಿಗೆ ಮಣ್ಣು ತುಂಬಿಸಿ ಮಾಡಿದ ಜಾಗ ಬೇಡ. ಚರಂಡಿಯಲ್ಲಿ ತಿಳಿಯಾಗಿ ಹರಿಯುತ್ತಿದ್ದ ನೀರು ಕೆಂಪಾದರೆ, ಧರೆಯ ಹೊಸ ಕಡೆಯಿಂದ ಒರತೆ ಚಿಮ್ಮಿದರೆ, ಸಣ್ಣ ಕಲ್ಲು ಬೀಳುತ್ತಿದ್ದರೆ, ವಿದ್ಯುತ್ ಕಂಬವೋ ಮರವೋ ಮೊನ್ನೆಗಿಂತ ಹೆಚ್ಚು ವಾಲಿದ್ದರೆ, ಟಾರಿನಲ್ಲಿ ಉದ್ದಕ್ಕೆ ಬಿರುಕು ಕಂಡರೆ ಊಟ ಬಿಟ್ಟಾದರೂ ಅಲ್ಲಿಂದ ಹೊರಡಬೇಕು. ರಾತ್ರಿ ಮಲಗಲು ಪೇಟೆಯೊಳಗಿನ ಬಯಲೇ ಆಗಬೇಕು. ಶಿರಾಡಿಗೆ ಮುನ್ನ ಸಕಲೇಶಪುರ, ಇಳಿದ ಮೇಲೆ ನೆಲ್ಯಾಡಿ. ನಡುವೆ ನಿದ್ದೆ ಬಂದರೆ ಎಂದು ಕೇಳುತ್ತಾರೆ. ನಿದ್ದೆ ಬರುವಂತಿದ್ದರೆ ಸಕಲೇಶಪುರ ಬಿಟ್ಟಿರಲೇಬಾರದು.

ಹೀಗೆ ಮಾಡಿದರೆ ವಾರದಲ್ಲಿ ಎರಡು ಮೂರು ದಿನ ನಿಂತೇ ಹೋಗಬಹುದು. ತೋಟದಲ್ಲಿ ಮಳೆ ಬಿಡಲೆಂದು, ಘಾಟಿ ತೆರೆಯಲೆಂದು, ಕಾರ್ಖಾನೆಯ ಅಂಗಳದಲ್ಲಿ ಇಳಿಸುವ ಸರದಿಗೆಂದು. ನಮ್ಮ ಕೆಲಸದಲ್ಲಿ ಸಂಬಳ ಎಂಬುದು ಹೆಸರಿಗೆ. ಕೈಗೆ ಬರುವುದು ಟ್ರಿಪ್ಪಿನ ಲೆಕ್ಕದ ಬಾಟಾ (ಭತ್ಯೆ). ನಿಂತ ದಿನ ಊಟದ ಖರ್ಚು ಮಾತ್ರ ನಡೆಯುತ್ತದೆ, ದುಡಿಮೆ ಇಲ್ಲ. ಮೂರು ದಿನ ಹೀಗೆ ಕಳೆದವನಿಗೆ ನಾಲ್ಕನೇ ದಿನ ಮಂಜು ಮುಚ್ಚಿದ ಘಾಟಿಯೂ ಇಳಿಯಬಹುದಾದ ಘಾಟಿಯಂತೆ ಕಾಣುತ್ತದೆ. ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮನೆಗೆ ಕಳಿಸಬೇಕಾದ ದುಡ್ಡು ಅವನನ್ನು ಕೆಳಗೆ ಇಳಿಸುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು ಬರೆದಿದ್ದರು. ಐದು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ ಅದು ಅನ್ವಯವಾಗುತ್ತಿತ್ತು. ಒಂದು ಎರಡು ಲಾರಿ ಇಟ್ಟವರೇ ತುಂಬಿರುವ ನಾಟದ ಸಾಗಣೆಗೆ ಅದರ ನೆರಳೂ ಬೀಳಲಿಲ್ಲ.

ಆದ್ದರಿಂದ ನಾನು ಕೇಳುವುದು ಸಣ್ಣ ವಿಷಯ. ಬಾಡಿಗೆ ಮಾತಾಡುವಾಗಲೇ ಹಾಲ್ಟಿಂಗ್ ದರ, ಅಂದರೆ ನಿಂತ ದಿನಕ್ಕೆ ಕೊಡುವ ದುಡ್ಡು, ಗೊತ್ತು ಮಾಡಿ, ಲೋಡ್ ಚೀಟಿಯಲ್ಲಿ ಬರೆಯಿರಿ. ಮಾಲೀಕರ ಪಾಲು ಎಷ್ಟು, ಚಾಲಕನಿಗೆ, ಕ್ಲೀನರಿಗೆ ದಿನಕ್ಕೆ ಎಷ್ಟು ಎಂದು ಬೇರೆ ಬೇರೆ ಬರೆಯಿರಿ, ಒಟ್ಟಿಗೆ ಬರೆದರೆ ಅದು ಕೆಳಗಿನವರೆಗೆ ಬರುವುದಿಲ್ಲ. ಮಳೆಗೆ ನಿಂತದ್ದೋ ಸೋಮಾರಿತನಕ್ಕೆ ನಿಂತದ್ದೋ ಎಂಬ ಅನುಮಾನ ಇದ್ದರೆ ಘಾಟಿ ಮುಚ್ಚಿದ ಆದೇಶ ಪತ್ರಿಕೆಯಲ್ಲಿ ಬಂದಿರುತ್ತದೆ, ಲಾರಿಯಲ್ಲಿ ಜಿಪಿಎಸ್ ಇರುತ್ತದೆ, ನೋಡಿಕೊಳ್ಳಿ. ತೋಟದವರು ಮೇ ತಿಂಗಳಲ್ಲೇ ದಿಮ್ಮಿಗಳನ್ನು ಟಾರು ರಸ್ತೆಯ ಪಕ್ಕ ಗಟ್ಟಿ ನೆಲಕ್ಕೆ ತಂದು, ಅಡಿಗೆ ಅಡ್ಡ ಮರ ಕೊಟ್ಟು ಪೇರಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಕಾರ್ಖಾನೆಯವರು ಮೃಗಶಿರಾ ಕಳೆಯುವ ಮುಂಚೆ ಒಂದು ವಾರಕ್ಕಾಗುವಷ್ಟು ದಿಮ್ಮಿ ಅಂಗಳದಲ್ಲಿ ಇಟ್ಟುಕೊಂಡು, ಒಣಗದಂತೆ ನೀರು ಬಿಡುತ್ತಿದ್ದರೆ ನಮ್ಮ ಲಾರಿ ಎರಡು ದಿನ ತಡವಾದರೆ ಯಂತ್ರ ನಿಲ್ಲುವುದಿಲ್ಲ. ಮತ್ತೆ, ಸಕಲೇಶಪುರ ದಾಟಿದ ಲಾರಿ ನೆಲ್ಯಾಡಿ ಮುಟ್ಟುವವರೆಗೆ “ಎಲ್ಲಿದ್ದೀಯ, ಎಷ್ಟೊತ್ತಿಗೆ ಬರ್ತೀಯ” ಎಂದು ಚಾಲಕನಿಗೆ ಫೋನ್ ಮಾಡಬೇಡಿ. ಇಳಿದ ಮೇಲೆ ನಾವೇ ಮಾಡುತ್ತೇವೆ.